ಊರಿನ ಪಾರ್ಕಿಗೆ ಬರುವ ಫೆಡರಲ್ ಅನುದಾನ: ಅಮೆರಿಕದ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಬೇಸಿಗೆಯ ವನಭೋಜನಕ್ಕೆಂದು ನಮ್ಮ ಕನ್ನಡ ಕೂಟಗಳು ಕಾಯ್ದಿರಿಸುವ ಪಿಕ್ನಿಕ್ ಶೆಲ್ಟರುಗಳ ಬಳಿ, ಕೆಲವು ಪಾರ್ಕುಗಳಲ್ಲಿ, ಯಾರೂ ಅಷ್ಟಾಗಿ ಗಮನಿಸದ ಒಂದು ಸಣ್ಣ ಫಲಕವಿರುತ್ತದೆ. ಊರಿನ ಹೆಸರು, ರಾಜ್ಯದ ಹೆಸರು, ಅವುಗಳ ಜೊತೆಗೆ ನ್ಯಾಷನಲ್ ಪಾರ್ಕ್ ಸರ್ವೀಸ್‌ನ ಹೆಸರು ಮತ್ತು ‘ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಶನ್ ಫಂಡ್’ ಎಂಬ ಒಕ್ಕಣೆ ಅದರ ಮೇಲಿರುತ್ತದೆ. ಯೆಲ್ಲೋಸ್ಟೋನ್, ಯೋಸೆಮಿಟಿಗಳನ್ನು ನೋಡಿಕೊಳ್ಳುವ ಇಲಾಖೆಯ ಹೆಸರು ನಮ್ಮ ಬಡಾವಣೆಯ ಉಯ್ಯಾಲೆ, ಜಾರುಬಂಡೆಗಳ ಪಕ್ಕದಲ್ಲಿ ಏಕಿದೆ ಎಂದು ವಿಚಾರಿಸುತ್ತ ಹೋದರೆ, ಈ ದೇಶದಲ್ಲಿ ಊರಿನ ಮಟ್ಟದ ಪಾರ್ಕುಗಳಿಗೆ ಹಣ ಹೇಗೆ ಹರಿದು ಬರುತ್ತದೆ ಎಂಬುದರ ಬಹುಪಾಲು ಅರ್ಥವಾಗುತ್ತದೆ. ಕ್ರಿಕೆಟ್ ಮೈದಾನ ಬೇಕು, ವಯಸ್ಸಾದ ಅಪ್ಪ ಅಮ್ಮ ನಡೆದಾಡಲು ಸಮತಟ್ಟಾದ ದಾರಿ ಬೇಕು, ಮಕ್ಕಳಿಗೆ ನೆರಳಿರುವ ಆಟದ ಜಾಗ ಬೇಕು ಎಂದು ಬಯಸುವ ನಮ್ಮವರಲ್ಲಿ ಅನೇಕರಿಗೆ ಇದನ್ನು ಎಲ್ಲಿ, ಯಾವಾಗ ಕೇಳಬೇಕು ಎಂಬುದು ತಿಳಿದಿಲ್ಲ. ಕೇಳುವ ಹೊತ್ತು ತಪ್ಪಿದರೆ ಎಷ್ಟು ಕೇಳಿದರೂ ಪ್ರಯೋಜನವಿಲ್ಲದ ವ್ಯವಸ್ಥೆ ಇದು. ಆದ್ದರಿಂದಲೇ ಈ ಬರಹ.

ಈ ನಿಧಿಯ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರ ಸೆಪ್ಟೆಂಬರ್ 3ರಂದು ಸಹಿ ಹಾಕಿದರು. 1965ರ ಜನವರಿಯಿಂದ ಅದು ಜಾರಿಗೆ ಬಂದಿತು. ಮೊದಮೊದಲು ಮೋಟಾರು ದೋಣಿಗಳ ಇಂಧನದ ತೆರಿಗೆ, ಸರ್ಕಾರಕ್ಕೆ ಬೇಡವಾದ ಆಸ್ತಿಯ ಮಾರಾಟ ಮುಂತಾದ ಸಣ್ಣ ಮೂಲಗಳಿಂದ ನಿಧಿ ತುಂಬುತ್ತಿತ್ತು. 1968ರ ತಿದ್ದುಪಡಿಯ ನಂತರ ಕಡಲಾಳದ ತೈಲ ಮತ್ತು ಅನಿಲದ ಗುತ್ತಿಗೆಯಿಂದ ಫೆಡರಲ್ ಸರ್ಕಾರಕ್ಕೆ ಬರುವ ವರಮಾನವೇ ಅದರ ಮುಖ್ಯ ಆಧಾರವಾಯಿತು. ಬಗೆದು ತೆಗೆದರೆ ಮರಳಿ ಬಾರದ ಒಂದು ಸಂಪತ್ತಿನಿಂದ ಬಂದ ಹಣದಲ್ಲಿ ಒಂದು ಪಾಲು ಮತ್ತೊಂದು ಸಂಪತ್ತನ್ನು, ಅಂದರೆ ನೆಲವನ್ನು ಮತ್ತು ನೀರನ್ನು, ಉಳಿಸಲು ಹೋಗಬೇಕೆಂಬ ಆ ಆಲೋಚನೆ ನನಗೆ ಇಂದಿಗೂ ಬಹಳ ಹಿಡಿಸುತ್ತದೆ. ವರ್ಷಕ್ಕೆ 90 ಕೋಟಿ ಡಾಲರ್ ಎಂದು ಕಾನೂನಿನಲ್ಲಿ ಬರೆದಿದ್ದರೂ ದಶಕಗಳ ಕಾಲ ಕಾಂಗ್ರೆಸ್ ಅಷ್ಟನ್ನೂ ಮಂಜೂರು ಮಾಡಿದ್ದು ಬೆರಳೆಣಿಕೆಯ ಬಾರಿ ಮಾತ್ರ. 2018ರ ಸೆಪ್ಟೆಂಬರ್ ಕೊನೆಯಲ್ಲಿ ನಿಧಿಯ ಅವಧಿಯೇ ಮುಗಿದು ಹೋಗಿತ್ತು. 2019ರ ಮಾರ್ಚಿನ ಡಿಂಗೆಲ್ ಕಾಯ್ದೆ ಅದನ್ನು ಶಾಶ್ವತಗೊಳಿಸಿತು. 2020ರ ಆಗಸ್ಟ್ 4ರಂದು ಸಹಿಯಾದ ‘ಗ್ರೇಟ್ ಅಮೆರಿಕನ್ ಔಟ್‌ಡೋರ್ಸ್ ಆಕ್ಟ್’ 90 ಕೋಟಿ ಡಾಲರನ್ನು ಪ್ರತಿ ವರ್ಷವೂ ತಪ್ಪದೆ ಒದಗಿಸುವಂತೆ ಮಾಡಿತು.

ಈ ಮೊತ್ತವೆಲ್ಲ ಊರಿನ ಪಾರ್ಕುಗಳಿಗೇ ಬರುತ್ತದೆ ಎಂದು ತಿಳಿಯಬಾರದು. 2019ರ ಕಾಯ್ದೆಯ ಪ್ರಕಾರ ಕನಿಷ್ಠ 40 ಶೇಕಡ ಫೆಡರಲ್ ಸರ್ಕಾರದ ಸ್ವಂತ ಕಾಡು, ಪಾರ್ಕುಗಳಿಗೆ ನೆಲ ಕೊಳ್ಳುವಂಥ ಕೆಲಸಗಳಿಗೂ, ಕನಿಷ್ಠ 40 ಶೇಕಡ ರಾಜ್ಯಗಳಿಗೆ ನೆರವಾಗುವ ಕಾರ್ಯಕ್ರಮಗಳಿಗೂ ಮೀಸಲು. ಈ ಎರಡನೆಯ ಪಾಲಿನಲ್ಲಿಯೂ ಅರಣ್ಯ ಸಂರಕ್ಷಣೆಯಂತಹ ಬೇರೆ ಯೋಜನೆಗಳು ಸೇರಿವೆ. ಅವುಗಳನ್ನು ಬಿಟ್ಟು ಉಳಿದದ್ದನ್ನು ನ್ಯಾಷನಲ್ ಪಾರ್ಕ್ ಸರ್ವೀಸ್ ರಾಜ್ಯಗಳಿಗೆ ಹಂಚುತ್ತದೆ. ಒಂದು ಭಾಗ ಎಲ್ಲ ರಾಜ್ಯಗಳಿಗೂ ಸಮನಾಗಿ, ಇನ್ನೊಂದು ಭಾಗ ಜನಸಂಖ್ಯೆ ಮೊದಲಾದ ಅಗತ್ಯಗಳನ್ನು ನೋಡಿ ಹಂಚಿಕೆಯಾಗುತ್ತದೆ. ಯಾವ ರಾಜ್ಯಕ್ಕೂ ಒಟ್ಟು ಹಂಚಿಕೆಯ 10 ಶೇಕಡಕ್ಕಿಂತ ಹೆಚ್ಚು ಸಿಗುವಂತಿಲ್ಲ. ಹಂಚಿಕೆಯಾದ ವರ್ಷ ಮತ್ತು ಅದರ ಮುಂದಿನ ಎರಡು ವರ್ಷಗಳೊಳಗೆ ಹಣವನ್ನು ನಿರ್ದಿಷ್ಟ ಕಾಮಗಾರಿಗಳಿಗೆ ನಿಗದಿ ಮಾಡದಿದ್ದರೆ ಅದು ಆ ರಾಜ್ಯದ ಕೈತಪ್ಪುತ್ತದೆ. ಆದ್ದರಿಂದ ಒಳ್ಳೆಯ, ಸಿದ್ಧವಾದ ಅರ್ಜಿಗಳಿಗಾಗಿ ರಾಜ್ಯದ ಅಧಿಕಾರಿಗಳೂ ಎದುರು ನೋಡುತ್ತಿರುತ್ತಾರೆ.

ಅರ್ಜಿ ಹಾಕುವವರು ಯಾರು ಎಂಬಲ್ಲಿ ನಮ್ಮ ಸಂಘಸಂಸ್ಥೆಗಳು ಎಡವುವುದುಂಟು. ಕನ್ನಡ ಕೂಟವಾಗಲಿ, ಕ್ರಿಕೆಟ್ ಲೀಗ್ ಆಗಲಿ, ದೇವಸ್ಥಾನದ ಟ್ರಸ್ಟ್ ಆಗಲಿ ನೇರವಾಗಿ ಈ ಅನುದಾನ ಪಡೆಯುವಂತಿಲ್ಲ. ರಾಜ್ಯದ ಇಲಾಖೆಗಳು, ಕೌಂಟಿ, ಸಿಟಿ, ಟೌನ್, ಪಾರ್ಕ್ ಡಿಸ್ಟ್ರಿಕ್ಟ್‌ಗಳಂತಹ ಸ್ಥಳೀಯ ಸರ್ಕಾರಗಳು ಮತ್ತು ಮೂಲನಿವಾಸಿ ಬುಡಕಟ್ಟುಗಳ ಸರ್ಕಾರಗಳು ಮಾತ್ರ ಇದಕ್ಕೆ ಅರ್ಹರು. ಸ್ಥಳೀಯ ಸರ್ಕಾರ ಕೂಡ ವಾಷಿಂಗ್ಟನ್ನಿಗೆ ಅರ್ಜಿ ಕಳಿಸುವುದಿಲ್ಲ. ರಾಜ್ಯದ ಸಂಬಂಧಪಟ್ಟ ಇಲಾಖೆಗೆ ಸಲ್ಲಿಸುತ್ತದೆ. ಟೆಕ್ಸಾಸಿನಲ್ಲಿ ಅದು ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಡಿಪಾರ್ಟ್‌ಮೆಂಟ್. ಕ್ಯಾಲಿಫೋರ್ನಿಯಾದಲ್ಲಿ ಡಿಪಾರ್ಟ್‌ಮೆಂಟ್ ಆಫ್ ಪಾರ್ಕ್ಸ್ ಅಂಡ್ ರೆಕ್ರಿಯೇಶನ್. ರಾಜ್ಯ ತನ್ನ ಮಾನದಂಡಗಳ ಪ್ರಕಾರ ಅರ್ಜಿಗಳಿಗೆ ಅಂಕ ಕೊಟ್ಟು, ಆಯ್ದವುಗಳನ್ನು ನ್ಯಾಷನಲ್ ಪಾರ್ಕ್ ಸರ್ವೀಸಿನ ಒಪ್ಪಿಗೆಗೆ ಕಳಿಸುತ್ತದೆ.

ಆ ಅಂಕಗಳು ಎಲ್ಲಿಂದ ಬರುತ್ತವೆ ಎಂಬುದೇ ನಾವು ತಿಳಿದಿರಬೇಕಾದ ಮುಖ್ಯ ಸಂಗತಿ. ಪ್ರತಿಯೊಂದು ರಾಜ್ಯವೂ ಐದು ವರ್ಷಗಳಿಗೊಮ್ಮೆ ಹೊರಾಂಗಣ ವಿಹಾರದ ಸಮಗ್ರ ಯೋಜನೆಯೊಂದನ್ನು ಸಿದ್ಧಪಡಿಸಬೇಕು. ಬಲ್ಲವರು ಅದನ್ನು ‘ಸ್ಕಾರ್ಪ್’ ಎಂದು ಕರೆಯುತ್ತಾರೆ. ಜನ ಯಾವ ಆಟ ಆಡುತ್ತಾರೆ, ಎಲ್ಲಿ ನಡೆಯುತ್ತಾರೆ, ಏನಿಲ್ಲದೆ ಪರದಾಡುತ್ತಾರೆ ಎಂಬ ಸಮೀಕ್ಷೆ ಅದರ ತಳಹದಿ. ಇದರಂತೆಯೇ ಊರಿನ ಮಟ್ಟದಲ್ಲಿ ಪಾರ್ಕುಗಳ ಮಾಸ್ಟರ್ ಪ್ಲಾನ್ ಇರುತ್ತದೆ. ಈ ಎರಡು ದಾಖಲೆಗಳಲ್ಲಿ ಕ್ರಿಕೆಟ್ ಎಂಬ ಶಬ್ದ ಎಲ್ಲಿಯೂ ಇಲ್ಲದಿದ್ದರೆ, ಕ್ರಿಕೆಟ್ ಮೈದಾನದ ಅರ್ಜಿಗೆ ‘ಅಗತ್ಯ’ದ ತಲೆಬರಹದಡಿ ಅಂಕ ಸಿಗುವುದು ಕಷ್ಟ. ಸಮೀಕ್ಷೆಗೆ ಉತ್ತರಿಸಲು ಪೌರತ್ವ ಬೇಕಿಲ್ಲ. ಎಚ್-1ಬಿ ವೀಸಾದಲ್ಲಿರುವವರೂ, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರೂ ಉತ್ತರಿಸಬಹುದು. ಅಂಚೆಯಲ್ಲಿಯೋ ಇಮೇಲಿನಲ್ಲಿಯೋ ಬಂದ ಆ ಪ್ರಶ್ನಾವಳಿಯನ್ನು ಜಾಹೀರಾತೆಂದು ಬಗೆದು ಎಸೆದು, ಎರಡು ವರ್ಷಗಳ ನಂತರ ‘ನಮ್ಮನ್ನು ಯಾರೂ ಕೇಳಲೇ ಇಲ್ಲ’ ಎಂದು ನೊಂದುಕೊಂಡವರನ್ನು ನಾನು ಕಂಡಿದ್ದೇನೆ.

ಸಿಟಿ ಕೌನ್ಸಿಲಿನಲ್ಲಿ ಮಾತನಾಡುವ ರೀತಿಯನ್ನೂ ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಕುಳಿತು ನೋಡಿದ ಒಂದು ಸಭೆಯಲ್ಲಿ, ಮಾತನಾಡಲು ಎದ್ದವರು ಮೊದಲು ತಮ್ಮ ಹೆಸರು ಮತ್ತು ವಿಳಾಸ ಹೇಳಬೇಕಿತ್ತು. ಎದುರಿನ ಸಣ್ಣ ದೀಪ ಹಸಿರಿನಿಂದ ಹಳದಿಗೆ, ಮೂರು ನಿಮಿಷ ತುಂಬುತ್ತಲೇ ಕೆಂಪಿಗೆ ತಿರುಗುತ್ತಿತ್ತು. ನಮ್ಮ ಹುಡುಗನೊಬ್ಬ ಕ್ರಿಕೆಟ್ಟಿನ ಹಿರಿಮೆಯನ್ನು ವರ್ಣಿಸುವುದರಲ್ಲೇ ಹಳದಿ ದೀಪದವರೆಗೆ ಬಂದುಬಿಟ್ಟ. ಸದಸ್ಯರು ಸೌಜನ್ಯದಿಂದ ಕೇಳಿ ಸುಮ್ಮನಾದರು. ಅವನ ನಂತರ ಬಂದ ಹಿರಿಯರೊಬ್ಬರು ಒಂದೇ ಒಂದು ಹಾಳೆಯನ್ನು ಮುಂದಿಟ್ಟರು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಪ್ರತಿ ಶನಿವಾರ ಎಷ್ಟು ಜನ ಆಡಲು ಬಂದರು, ಅವರಲ್ಲಿ ಎಷ್ಟು ಮಂದಿ ಇದೇ ಊರಿನವರು, ಮೈದಾನ ಸಿಗದೆ ಎಷ್ಟು ದಿನ ಬೇರೆ ಊರಿಗೆ ಹೋದರು ಎಂಬ ಲೆಕ್ಕ ಅದರಲ್ಲಿತ್ತು. ಪಾರ್ಕ್ಸ್ ವಿಭಾಗದ ಯೋಜನಾಧಿಕಾರಿ ತಲೆಯೆತ್ತಿ, ಆ ಹಾಳೆಯ ಒಂದು ಪ್ರತಿಯನ್ನು ತಮಗೂ ಕೊಡಬಹುದೇ ಎಂದು ಕೇಳಿದರು. ಅರ್ಜಿ ಬರೆಯುವವರಿಗೆ ಬೇಕಾಗಿದ್ದ ಸಾಮಗ್ರಿ ಅದೇ ಆಗಿತ್ತು.

ಈಗ ಹಣದ ಲೆಕ್ಕಕ್ಕೆ ಬರೋಣ. ಒಂದು ಯೋಜನೆಯ ಅರ್ಹ ವೆಚ್ಚದಲ್ಲಿ ಹೆಚ್ಚೆಂದರೆ ಅರ್ಧವನ್ನು ಮಾತ್ರ ಈ ನಿಧಿ ಕೊಡುತ್ತದೆ. ಉಳಿದರ್ಧವನ್ನು ಊರು ತನ್ನ ಬಜೆಟ್ಟಿನಿಂದಲೋ, ಬಾಂಡ್‌ಗಳಿಂದಲೋ, ರಾಜ್ಯದ ಅನುದಾನದಿಂದಲೋ ಹೊಂದಿಸಬೇಕು. ನ್ಯೂಜೆರ್ಸಿಯಂತಹ ರಾಜ್ಯದಲ್ಲಿ 1961ರಿಂದಲೇ ‘ಗ್ರೀನ್ ಏಕರ್ಸ್’ ಎಂಬ ಯೋಜನೆಯಿದೆ. ಅನೇಕ ಊರುಗಳು ಮತದಾರರ ಒಪ್ಪಿಗೆ ಪಡೆದು ಬಯಲು ಜಾಗಕ್ಕೆಂದೇ ಪ್ರತ್ಯೇಕ ತೆರಿಗೆ ಹಾಕಿಕೊಂಡಿವೆ. ದಾನವಾಗಿ ಬಂದ ನೆಲ, ಸಾಮಗ್ರಿ, ಸ್ವಯಂಸೇವಕರ ದುಡಿಮೆ ಇವುಗಳ ಬೆಲೆಯನ್ನೂ, ನಿಯಮದಂತೆ ಲೆಕ್ಕವಿಟ್ಟರೆ, ಊರಿನ ಪಾಲಿಗೆ ಸೇರಿಸಬಹುದು. ಕೂಟಗಳು ನಿಜವಾಗಿ ಕೈಜೋಡಿಸಬಹುದಾದ ಸ್ಥಳ ಇದು: ದೇಣಿಗೆ ಸಂಗ್ರಹಿಸಿ ಊರಿಗೆ ಒಪ್ಪಿಸುವುದು, ಗಿಡ ನೆಡುವ ಕೆಲಸಕ್ಕೆ ಜನರನ್ನು ಕಳಿಸಿ ಗಂಟೆಗಳನ್ನು ಬರೆದಿಡುವುದು. ಆದರೆ ಊರಿನ ಅಧಿಕಾರಿಗಳನ್ನು ಕೇಳದೆ ಮೊದಲೇ ಕೆಲಸ ಆರಂಭಿಸಬಾರದು. ಮಂಜೂರಾತಿಗೆ ಮುಂಚಿನ ವೆಚ್ಚ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟೇ ಅಲ್ಲ, ಊರು ಮೊದಲು ತನ್ನ ಕೈಯಿಂದ ಖರ್ಚು ಮಾಡಿ, ರಸೀದಿಗಳನ್ನು ತೋರಿಸಿ, ನಂತರ ಫೆಡರಲ್ ಪಾಲನ್ನು ವಾಪಸು ಪಡೆಯಬೇಕು. ಕೈಯಲ್ಲಿ ಕಾಸಿರುವ ಊರಿಗೆ ಇದು ಸಲೀಸು. ಕಾಸಿಲ್ಲದ ಊರಿಗೆ ಅರ್ಜಿ ಹಾಕುವ ಧೈರ್ಯವೇ ಬರುವುದಿಲ್ಲ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂದು ನಾನು ತಿಳಿದಿದ್ದೇನೆ.

ಆಟದ ಮೈದಾನ, ನಡೆದಾರಿ, ಪಿಕ್ನಿಕ್ ಜಾಗ, ಈಜುಕೊಳ, ದೋಣಿಕಟ್ಟೆ, ಮತ್ತು ಅವುಗಳಿಗೆ ಬೇಕಾದ ಶೌಚಾಲಯ, ಪಾರ್ಕಿಂಗ್ ಇವೆಲ್ಲಕ್ಕೂ ಹಣ ಸಿಗುತ್ತದೆ. ಒಳಾಂಗಣ ಕಟ್ಟಡಗಳಿಗೆ ಸಾಮಾನ್ಯವಾಗಿ ಇಲ್ಲ. ವಿಪರೀತ ಚಳಿಯ ಪ್ರದೇಶಗಳಲ್ಲಿ ಈಜುಕೊಳ ಮತ್ತು ಐಸ್ ಸ್ಕೇಟಿಂಗ್ ಅಂಗಣಗಳಿಗೆ ಹೊದಿಕೆ ಹಾಕಲು ಮಿತಿಯೊಳಗೆ ಅವಕಾಶವಿದೆ. ವೃತ್ತಿಪರ ಕ್ರೀಡೆಯ ಸ್ಟೇಡಿಯಮ್ಮಿಗೂ ಇಲ್ಲ. ಪರಿಸರ ಪರಿಶೀಲನೆ, ಐತಿಹಾಸಿಕ ಸ್ಥಳಗಳ ಪರಿಶೀಲನೆ, ಅಂಗವಿಕಲರಿಗೆ ಅನುಕೂಲವಾಗುವ ವಿನ್ಯಾಸ ಇವು ಕಡ್ಡಾಯವಾದ್ದರಿಂದ, ಅರ್ಜಿಯಿಂದ ಉದ್ಘಾಟನೆಯವರೆಗೆ ಹಲವು ವರ್ಷ ಹಿಡಿಯುವುದು ಸಹಜ.

ಕಾಯ್ದೆಯ 6(ಎಫ್) ಕಲಮಿನ ಮೂರನೆಯ ಉಪಕಲಮನ್ನು ನಾನು ಅದರ ಹೃದಯವೆಂದೇ ಭಾವಿಸುತ್ತೇನೆ. ಈ ನಿಧಿಯ ನೆರವಿನಿಂದ ಕೊಂಡ ಅಥವಾ ಅಭಿವೃದ್ಧಿಪಡಿಸಿದ ಜಾಗ ಶಾಶ್ವತವಾಗಿ ಸಾರ್ವಜನಿಕರ ಹೊರಾಂಗಣ ವಿಹಾರಕ್ಕೇ ಮೀಸಲಾಗಿ ಉಳಿಯಬೇಕು. ಬೇರೆ ಉದ್ದೇಶಕ್ಕೆ ತಿರುಗಿಸಬೇಕಾದರೆ ನ್ಯಾಷನಲ್ ಪಾರ್ಕ್ ಸರ್ವೀಸ್ ಸೇರಿರುವ ಫೆಡರಲ್ ಇಂಟೀರಿಯರ್ ಇಲಾಖೆಯ ಅನುಮತಿ ಬೇಕು. ಅದಕ್ಕೆ ಬದಲಾಗಿ ಕನಿಷ್ಠ ಅಷ್ಟೇ ಮಾರುಕಟ್ಟೆ ಬೆಲೆಯ, ಉಪಯೋಗದಲ್ಲಿಯೂ ನೆಲೆಯಲ್ಲಿಯೂ ಸರಿಸಾಟಿಯಾದ ಜಾಗವನ್ನು ಕೊಡಬೇಕು. ಅರ್ಜಿಯ ಜೊತೆಗೆ ಗಡಿ ಗುರುತಿಸಿದ ನಕ್ಷೆಯೊಂದು ಇರುತ್ತದೆ. ಹಣ ಬಂದದ್ದು ಮೂಲೆಯಲ್ಲಿರುವ ಮಕ್ಕಳ ಆಟದ ಜಾಗಕ್ಕೆ ಮಾತ್ರವಾದರೂ ಸಾಮಾನ್ಯವಾಗಿ ಇಡೀ ಪಾರ್ಕು ಆ ಗಡಿಯೊಳಗೆ ಸೇರುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹೊಸ ಯಾಂಕೀ ಸ್ಟೇಡಿಯಂ ಎದ್ದದ್ದು ಈ ನಿಧಿಯ ರಕ್ಷಣೆಯಿದ್ದ ಮೇಕೊಂಬ್ಸ್ ಡ್ಯಾಮ್ ಪಾರ್ಕಿನ ಮೇಲೆ. ಅದಕ್ಕಾಗಿ ನಗರ ಬದಲಿ ಪಾರ್ಕುಗಳನ್ನು ಕೊಡಬೇಕಾಯಿತು. ಹಳೆಯ ಸ್ಟೇಡಿಯಂ ಇದ್ದ ಜಾಗದಲ್ಲಿ ಹೆರಿಟೇಜ್ ಫೀಲ್ಡ್ ತೆರೆದದ್ದು 2012ರಲ್ಲಿ. ಪಾರ್ಕು ಮುಚ್ಚಿದ್ದು 2006ರಲ್ಲಿ. ಕಾನೂನು ನೆಲವನ್ನು ವಾಪಸು ಕೊಡಿಸಿತು, ನಿಜ. ಆದರೆ ಆ ನಡುವೆ ಅಲ್ಲಿ ಬೆಳೆದ ಮಕ್ಕಳಿಗೆ ಆ ವರ್ಷಗಳು ವಾಪಸು ಬರಲಿಲ್ಲ.

ಬೆಂಗಳೂರಿನಿಂದ ಬಂದವರಿಗೆ ಈ ಸಂಕಟ ಹೊಸದಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಹಂಚಿಕೆ ರದ್ದಾಯಿತು, 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ನ್ಯಾಯಾಲಯದಲ್ಲಿ ಹೋರಾಡಿ ಪಡೆದ ರಕ್ಷಣೆಯನ್ನು ಇಲ್ಲಿ ಅನುದಾನದ ಕರಾರಿನಲ್ಲಿಯೇ ಮೊದಲೇ ಬರೆದಿಟ್ಟಿದ್ದಾರೆ. ನಿಮ್ಮ ಊರಿನ ಪಾರ್ಕಿನಲ್ಲಿ ಗ್ರಂಥಾಲಯವನ್ನೋ ಅಗ್ನಿಶಾಮಕ ಠಾಣೆಯನ್ನೋ ಕಟ್ಟುವ ಮಾತು ಬಂದಾಗ, ಆ ಜಾಗ 6(ಎಫ್) ಗಡಿಯೊಳಗಿದೆಯೇ ಎಂದು ಸಭೆಯಲ್ಲಿ ಕೇಳಿ, ನಕ್ಷೆ ತೋರಿಸುವಂತೆ ಕೋರಿ.

ಇದೇ ಕಲಮು ನಮ್ಮ ಕ್ರಿಕೆಟ್ ಆಟಗಾರರಿಗೆ ಅಡ್ಡಿಯೆಂದು ಕೆಲವರು ಹೆದರುವುದುಂಟು. ಹೆದರಬೇಕಿಲ್ಲ. ಬಳಕೆಯಿಲ್ಲದ ಸಾಫ್ಟ್‌ಬಾಲ್ ಅಂಗಳವನ್ನು ಕ್ರಿಕೆಟ್ ಮೈದಾನವಾಗಿಸಿದರೆ ಅದು ಒಂದು ಹೊರಾಂಗಣ ಆಟದಿಂದ ಇನ್ನೊಂದಕ್ಕೆ ಬದಲಾವಣೆಯಷ್ಟೇ. ರಾಜ್ಯದ ಅಧಿಕಾರಿಗಳಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದರೆ ಸಾಕು. ಆದರೆ ಆ ಮೈದಾನವನ್ನು ಒಂದೇ ಕ್ಲಬ್ಬಿಗೆ ಬಿಟ್ಟುಕೊಟ್ಟು ಬೇಲಿ ಹಾಕಿ ಬೀಗ ಜಡಿಯುವಂತಿಲ್ಲ. ಲೀಗ್ ಪಂದ್ಯಗಳಿಗೆ ಸಮಯ ಕಾಯ್ದಿರಿಸಬಹುದು. ಉಳಿದ ಹೊತ್ತು ಅದು ಎಲ್ಲರದು.

ಈ ನಿಧಿಯ ನೆರವು ಪಡೆದ ಪಾರ್ಕುಗಳಲ್ಲಿ ಪಕ್ಕದೂರಿನವರಿಗೂ ಹಕ್ಕಿದೆ ಎಂಬುದು ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. ಹೊರಗಿನವರಿಂದ ಹೆಚ್ಚಿನ ಶುಲ್ಕ ಪಡೆಯಬಹುದು, ಆದರೆ ಅದು ಊರಿನವರ ಶುಲ್ಕದ ಎರಡರಷ್ಟನ್ನು ಮೀರಬಾರದು. ಊರಿನವರಿಗೆ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯಿದ್ದರೆ ಅದೇ ವ್ಯವಸ್ಥೆ, ಅದೇ ಅವಧಿಗೆ, ಹೊರಗಿನವರಿಗೂ ಇರಬೇಕು. ಹತ್ತು ಊರುಗಳಿಂದ ಬಂದು ಸೇರುವ ಕನ್ನಡ ಕೂಟಕ್ಕೆ ವನಭೋಜನದ ಶೆಲ್ಟರ್ ಕಾಯ್ದಿರಿಸುವಾಗ ಈ ನಿಯಮ ಬಹಳ ಉಪಯೋಗಕ್ಕೆ ಬರುತ್ತದೆ.

ಬೇರೆ ಮೂಲಗಳನ್ನೂ ಹೇಳಬೇಕು. ಪಾರ್ಕುಗಳ ಕೊರತೆಯಿರುವ ನಗರ ಪ್ರದೇಶಗಳಿಗೆಂದು ಇದೇ ನಿಧಿಯಿಂದ ದೇಶಮಟ್ಟದ ಸ್ಪರ್ಧೆಯ ಮೂಲಕ ಹಣ ಕೊಡುವ ‘ಔಟ್‌ಡೋರ್ ರೆಕ್ರಿಯೇಶನ್ ಲೆಗಸಿ ಪಾರ್ಟ್ನರ್‌ಶಿಪ್’ 2014ರಿಂದ ನಡೆಯುತ್ತಿದೆ. ನಡೆದಾರಿ, ಸೈಕಲ್ ದಾರಿಗಳಿಗೆ ಫೆಡರಲ್ ಹೈವೇ ಇಲಾಖೆಯ ‘ರೆಕ್ರಿಯೇಶನಲ್ ಟ್ರೇಲ್ಸ್ ಪ್ರೋಗ್ರಾಂ’ ಇದೆ. ರಸ್ತೆಯಾಚೆ ಓಡುವ ಸ್ನೋಮೊಬೈಲ್‌ನಂತಹ ವಾಹನಗಳ ಇಂಧನದ ತೆರಿಗೆಯೇ ಅದರ ಆಧಾರ. ಕಡಿಮೆ ಆದಾಯದ ಕುಟುಂಬಗಳು ಹೆಚ್ಚಾಗಿರುವ ಬಡಾವಣೆಯಾದರೆ, ವಸತಿ ಇಲಾಖೆಯ ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟನ್ನೂ ಊರು ಪಾರ್ಕಿಗೆ ಬಳಸಬಹುದು.

ನಿಮ್ಮ ಊರಿನ ಪಾರ್ಕ್ಸ್ ಮಾಸ್ಟರ್ ಪ್ಲಾನ್ ಮತ್ತೆ ಯಾವಾಗ ಪರಿಷ್ಕರಣೆಗೆ ಬರುತ್ತದೆ ಎಂದು ಪಾರ್ಕ್ಸ್ ವಿಭಾಗಕ್ಕೆ ಫೋನು ಮಾಡಿ ಕೇಳಿ. ರಾಜ್ಯದ ಸ್ಕಾರ್ಪ್ ಯಾವ ವರ್ಷ ಮುಗಿಯುತ್ತದೆ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಆ ಎರಡು ದಿನಾಂಕಗಳನ್ನು ಕೂಟದ ಕ್ಯಾಲೆಂಡರಿನಲ್ಲಿ ಯುಗಾದಿ, ರಾಜ್ಯೋತ್ಸವಗಳ ಪಕ್ಕದಲ್ಲೇ ಗುರುತು ಹಾಕಿ, ಈ ವಾರಾಂತ್ಯದಿಂದಲೇ ಮೈದಾನಕ್ಕೆ ಬಂದವರ ಎಣಿಕೆ ಶುರುಮಾಡಿ.