ಗಡಿ ದಾಟಿದ ಮೇಲೆ ಸಿಗ್ನಲ್‌ನಲ್ಲಿ ಕಾಲು ಎಲ್ಲಿರಬೇಕು

ಯುರೋಪಿನಲ್ಲಿ ಕಾರು ಬಾಡಿಗೆಗೆ ತಗೊಂಡು ಎರಡು ಮೂರು ದೇಶ ಸುತ್ತಬೇಕು ಅನ್ನುವವರು ಟೋಲ್ ಸ್ಟಿಕ್ಕರ್ ಬಗ್ಗೆ ಕೇಳ್ತಾರೆ, ವೇಗದ ಮಿತಿ ಕೇಳ್ತಾರೆ, ಇನ್ಶೂರೆನ್ಸ್ ಕೇಳ್ತಾರೆ. ಸಿಗ್ನಲ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ. ಕೆಂಪಿಗೆ ನಿಲ್ಲೋದು, ಹಸಿರಿಗೆ ಹೋಗೋದು, ಅದರಲ್ಲೇನಿದೆ ಕೇಳೋಕೆ? ಬಣ್ಣಗಳಲ್ಲಿ ಏನೂ ಇಲ್ಲ, ನಿಜ. ಎಡವಟ್ಟಾಗೋದು ಒಂದು ಬಣ್ಣ ಹೋಗಿ ಇನ್ನೊಂದು ಬರುವ ನಡುವಿನ ಒಂದೆರಡು ಸೆಕೆಂಡಿನಲ್ಲಿ. ಅದು ದೇಶದಿಂದ ದೇಶಕ್ಕೆ ಬೇರೆ.

ನಾನಿರೋದು ಜರ್ಮನಿಯ ಕೇಲ್‌ನಲ್ಲಿ. ರೈನ್ ನದಿಯ ಸೇತುವೆ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಮಗಳ ಸಂಗೀತದ ಕ್ಲಾಸು, ಸಂತೆ, ಸ್ನೇಹಿತರ ಮನೆ ಎಲ್ಲಾ ಆ ದಡದಲ್ಲೇ ಇರೋದರಿಂದ ಗಡಿ ಅನ್ನೋದು ನಮಗೆ ಇನ್ನೊಂದು ಬೀದಿ ಇದ್ದ ಹಾಗೆ. ನೆಂಟರು ಬಂದು ಸ್ಟಿಯರಿಂಗ್ ಹಿಡಿದಾಗ ಪಕ್ಕದ ಸೀಟಿನಲ್ಲಿ ಕೂತು ನಾನು ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೀನಿ.

ಹಸಿರು ಬರೋ ಮುಂಚೆ

ಜರ್ಮನಿಯ ಕ್ರಮ ಹೀಗೆ: ಕೆಂಪು, ಆಮೇಲೆ ಕೆಂಪು ಮತ್ತು ಹಳದಿ ಒಟ್ಟಿಗೆ, ಆಮೇಲೆ ಹಸಿರು, ಹಳದಿ, ಮತ್ತೆ ಕೆಂಪು. ಕೆಂಪು-ಹಳದಿ ಜೊತೆಯಾಗಿ ಉರಿಯೋದು 1 ಸೆಕೆಂಡ್ ಅಷ್ಟೇ. ಆ ಒಂದು ಸೆಕೆಂಡಿನಲ್ಲಿ ಇಲ್ಲಿನವರ ಕೈಕಾಲು ತಾನಾಗಿಯೇ ಕೆಲಸ ಮಾಡುತ್ತೆ. ಕ್ಲಚ್ ಒತ್ತು, ಮೊದಲನೇ ಗೇರ್ ಹಾಕು, ಹ್ಯಾಂಡ್‌ಬ್ರೇಕ್ ಬಿಡು. ಹಸಿರು ಬರೋ ಹೊತ್ತಿಗೆ ಕಾರು ಹೊರಡೋಕೆ ತಯಾರು. ಗೇರಿನ ಕಾರುಗಳೇ ತುಂಬಿದ್ದ ಕಾಲದಲ್ಲಿ ಈ ಒಂದು ಸೆಕೆಂಡಿಗೆ ಬಹಳ ಬೆಲೆ ಇತ್ತು. ಸಾಲಿನಲ್ಲಿ ಮೊದಲನೆಯವನು ತಡ ಮಾಡಿದರೆ ಹಿಂದಿನ ಎಲ್ಲರಿಗೂ ತಡವಾಗುತ್ತಲ್ಲ.

ಫ್ರಾನ್ಸಿನಲ್ಲಿ ಈ ಮುನ್ಸೂಚನೆ ಇಲ್ಲವೇ ಇಲ್ಲ. ಕೆಂಪು ಆರಿತು, ಹಸಿರು ಬಂತು, ಮುಗೀತು. ಜರ್ಮನ್ ಅಭ್ಯಾಸದವರು ನ್ಯೂಟ್ರಲ್‌ನಲ್ಲಿ ಕೂತು ಹಳದಿ ಬಂದು ಕೂಡಿಕೊಳ್ಳಲಿ ಅಂತ ಕಾಯ್ತಾರೆ. ಅದು ಬರಲ್ಲ, ಹಿಂದಿನ ಕಾರಿನ ಹಾರ್ನ್ ಬರುತ್ತೆ. ಹಾಗಾಗಿ ಆಚೆ ದಡಕ್ಕೆ ಹೋದ ಮೇಲೆ, ನೀವೇ ಸಾಲಿನಲ್ಲಿ ಮೊದಲಿಗರಾದರೆ, ಅಡ್ಡ ರಸ್ತೆಯ ವಾಹನಗಳು ನಿಲ್ಲೋಕೆ ಶುರುವಾದಾಗಲೇ ಕ್ಲಚ್ ಒತ್ತಿ ಗೇರ್ ಹಾಕಿಟ್ಟುಕೊಳ್ಳಿ. ನಿಂತಾಗ ತಾನಾಗಿ ಎಂಜಿನ್ ಆಫ್ ಆಗುವ ಕಾರಾದರೆ ಇದು ಇನ್ನೂ ಮುಖ್ಯ, ಕ್ಲಚ್ ಒತ್ತಿದ ಮೇಲೇ ಎಂಜಿನ್ ಏಳೋದು. ಅಡ್ಡ ರಸ್ತೆ ನೋಡಿ ಗೇರ್ ಹಾಕಬಹುದು, ಕಾರು ಬಿಡಬಾರದು. ಅಡ್ಡ ರಸ್ತೆಗೆ ಕೆಂಪು ಬಿದ್ದ ತಕ್ಷಣ ನಿಮಗೆ ಹಸಿರು ಅಂತ ಎಲ್ಲೂ ಇಲ್ಲ. ನಡುವೆ ಎಲ್ಲ ದಿಕ್ಕಿಗೂ ಕೆಂಪೇ ಇರುವ ಹೊತ್ತು ಇರುತ್ತೆ, ಎದುರಿನವರ ಎಡತಿರುವಿಗೋ ಟ್ರಾಮಿಗೋ ಮೊದಲು ದಾರಿ ಸಿಗಲೂಬಹುದು.

ಉಲ್ಟಾ ದಿಕ್ಕಿನಲ್ಲಿ ಬರುವವರ ತೊಂದರೆ ಬೇರೆ ತರಹದ್ದು. ಫ್ರಾನ್ಸಿನಿಂದ ಬಂದವರಿಗೆ ಕೆಂಪಿನ ಜೊತೆ ಹಳದಿ ಕಂಡ ಕೂಡಲೇ ಹೊರಡುವ ಆಸೆ ಹುಟ್ಟುತ್ತೆ. 1968ರ ವಿಯೆನ್ನಾ ಒಪ್ಪಂದ, ಅಂದರೆ ರಸ್ತೆ ಫಲಕ ಮತ್ತು ಸಿಗ್ನಲ್‌ಗಳ ಅಂತರರಾಷ್ಟ್ರೀಯ ಒಪ್ಪಂದ, ಇದನ್ನು ಬಿಡಿಸಿ ಹೇಳಿದೆ: ಎರಡೂ ಒಟ್ಟಿಗೆ ಉರಿದರೆ ಸಿಗ್ನಲ್ ಬದಲಾಗಲಿದೆ ಅಂತ ಅರ್ಥ, ಆದರೆ ಕೆಂಪಿನ ತಡೆ ಹಾಗೇ ಇರುತ್ತೆ. ಕೈ ಆಡಿಸಬಹುದು, ಚಕ್ರ ಉರುಳಬಾರದು.

ಯಾವ ದೇಶ ಯಾವ ಕಡೆ? ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ಪೋಲೆಂಡ್, ಚೆಕ್, ಸ್ವೀಡನ್, ನಾರ್ವೆ, ಫಿನ್‌ಲೆಂಡ್, ಬ್ರಿಟನ್, ಇಲ್ಲೆಲ್ಲಾ ಕೆಂಪು-ಹಳದಿ ಇದೆ. ಫ್ರಾನ್ಸ್, ಬೆಲ್ಜಿಯಂ, ನೆದರ್‌ಲೆಂಡ್ಸ್, ಇಟಲಿ, ಸ್ಪೇನ್, ಪೋರ್ಚುಗಲ್, ಐರ್ಲೆಂಡ್‌ನಲ್ಲಿ ಇಲ್ಲ. ಅಂದರೆ ಕೋಪನ್‌ಹೇಗನ್‌ನಿಂದ ಸೇತುವೆ ಮೇಲೆ ಸ್ವೀಡನ್ನಿಗೆ ಹೋದರೆ ಏನೂ ಬದಲಾಗಲ್ಲ. ಜರ್ಮನಿಯ ಆಖೆನ್‌ನಿಂದ ಬೆಲ್ಜಿಯಂ ಕಡೆಗೋ ನೆದರ್‌ಲೆಂಡ್ಸ್ ಕಡೆಗೋ ತಿರುಗಿದರೆ ಕೂಡಲೇ ಬದಲಾಗುತ್ತೆ.

ಈ ವಿಷಯದಲ್ಲಿ ನನಗೆ ವಿಚಿತ್ರ ಅನಿಸೋದು ಐರ್ಲೆಂಡ್ ದ್ವೀಪ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ನ್ಯೂರಿಯಿಂದ ಐರ್ಲೆಂಡ್ ಗಣರಾಜ್ಯದ ಡಂಡಾಕ್‌ಗೆ ಹೋಗುವಾಗ ಚೆಕ್‌ಪೋಸ್ಟ್ ಇಲ್ಲ, ಎರಡೂ ಕಡೆ ಎಡಬದಿಯ ಓಡಾಟವೇ. ಗಡಿ ದಾಟಿದ್ದು ಗೊತ್ತಾಗೋದು ಮೈಲಿಯ ಫಲಕ ಹೋಗಿ ಕಿಲೋಮೀಟರ್ ಫಲಕ ಬಂದಾಗ. ಬ್ರಿಟನ್ನಿನ ಪದ್ಧತಿಯಲ್ಲಿ ಕೆಂಪು-ಹಳದಿ 2 ಸೆಕೆಂಡ್ ಇರುತ್ತೆ, ಜರ್ಮನಿಗಿಂತಲೂ ಆರಾಮ. ಡಂಡಾಕ್‌ನಲ್ಲಿ ಅದು ಸೊನ್ನೆ. ಫಲಕದ ಬದಲಾವಣೆ ಕಣ್ಣಿಗೆ ಬೀಳುತ್ತೆ. ಇದು ಬೀಳಲ್ಲ.

ಹಸಿರು ಹೋಗೋ ಮುಂಚೆ

ಆಸ್ಟ್ರಿಯಾಕ್ಕೆ ಹೋಗುವವರು ಇದನ್ನು ನಿಧಾನವಾಗಿ ಓದಿ.

ಜರ್ಮನಿಯ ಫ್ರೈಲಾಸಿಂಗ್ ಊರಿನಿಂದ ಸಾಲಾಖ್ ನದಿ ದಾಟಿದರೆ ಸಾಲ್ಸ್‌ಬರ್ಗ್. ಮೈದುನ ಡ್ರೈವ್ ಮಾಡ್ತಿದ್ದ. ಅಲ್ಲಿ ಸಿಗ್ನಲ್ ಹತ್ತಿರ ಬರ್ತಿದ್ದ ಹಾಗೆ ಹಸಿರು ದೀಪ ಬ್ಲಿಂಕ್ ಆಗೋಕೆ ಶುರು. "ಅತ್ತಿಗೆ, ಇದು ಕೆಟ್ಟೋಗಿದೆ ಅನ್ಸುತ್ತೆ. ಹೋಗ್ಲಾ, ನಿಲ್ಲಿಸ್ಲಾ?" ಅಂದ. "ಕೆಟ್ಟಿಲ್ಲ, ಮುಗೀತಾ ಇದೆ. ಆಕ್ಸಿಲರೇಟರ್ ಬಿಡು, ಬ್ರೇಕ್ ಮೇಲೆ ಕಾಲಿಡು, ಕನ್ನಡಿ ನೋಡು" ಅಂದೆ.

ಆಸ್ಟ್ರಿಯಾದ ಹಸಿರು ಮುಗಿಯುವ ಮುಂಚೆ 4 ಸಲ ಮಿಟುಕುತ್ತೆ. ಅರ್ಧ ಸೆಕೆಂಡ್ ಉರಿ, ಅರ್ಧ ಸೆಕೆಂಡ್ ಕತ್ತಲು, ಒಟ್ಟು 4 ಸೆಕೆಂಡ್. ಆಮೇಲೆ ಹಳದಿ, ಆಮೇಲೆ ಕೆಂಪು. ಕಾನೂನಿನ ಪ್ರಕಾರ ಮಿಟುಕುವ ಹಸಿರೂ ಹಸಿರೇ, ದಾಟಬಹುದು. ಪ್ರಶ್ನೆ ಇರೋದು ನೀವು ಎಷ್ಟು ದೂರದಲ್ಲಿದ್ದೀರಿ ಅನ್ನೋದು.

ಇದಕ್ಕೊಂದು ಸಣ್ಣ ಲೆಕ್ಕ ಮನಸ್ಸಿನಲ್ಲಿಟ್ಟುಕೊಳ್ಳಿ. 50 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತೆ. ಕಂಡಿದ್ದು ಕಾಲಿಗೆ ತಿಳಿಯೋಕೆ ಒಂದು ಸೆಕೆಂಡ್, ಆಮೇಲೆ ಯಾರ ತಲೆಯೂ ಮುಂದಿನ ಸೀಟಿಗೆ ಬಡಿಯದ ಹಾಗೆ ನಿಲ್ಲಿಸೋಕೆ 27-28 ಮೀಟರ್. ಎಲ್ಲಾ ಸೇರಿ 40 ಮೀಟರ್ ಚಿಲ್ಲರೆ. ಹಳದಿ 3 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಕಾರು ಹೋಗೋದೂ ಹೆಚ್ಚುಕಡಿಮೆ ಅಷ್ಟೇ ದೂರ. ಹಳದಿ ಬಂದಾಗ ಸಿಗ್ನಲ್ ಮುಂದೆ ನಿಲ್ಲಬೇಕಾದ ಗೆರೆ 40 ಮೀಟರಿಗಿಂತ ಆಚೆ ಇದ್ದರೆ ನಿಲ್ಲಿಸಿ. ಬ್ರೇಕ್ ಜೋರಾಗಿ ತುಳಿಯದೆ ನಿಲ್ಲೋಕೆ ಆಗದಷ್ಟು ಹತ್ತಿರ ಬಂದಿದ್ದರೆ ಮಾತ್ರ ಅದೇ ವೇಗದಲ್ಲಿ ದಾಟಿ. ಮಳೆ ಬಂದು ರಸ್ತೆ ಜಾರುತ್ತಿದ್ದರೆ ಈ ಲೆಕ್ಕ ನಡೆಯಲ್ಲ, ಮೊದಲೇ ವೇಗ ಇಳಿಸಿ. ಜರ್ಮನಿಯಲ್ಲಿ ವೇಗದ ಮಿತಿ 50 ಇದ್ದಲ್ಲಿ ಹಳದಿ 3 ಸೆಕೆಂಡ್, 60 ಇದ್ದಲ್ಲಿ 4, 70 ಇದ್ದಲ್ಲಿ 5. ಫ್ರಾನ್ಸಿನಲ್ಲಿ ಊರೊಳಗೆ 3, ಊರಾಚೆ 5.

ಆಸ್ಟ್ರಿಯಾದ 4 ಸೆಕೆಂಡಿಗೆ ಇದನ್ನೇ ಹಚ್ಚಿ. ಮೊದಲ ಮಿಟುಕಿಗೆ ನೀವು ಗೆರೆಯಿಂದ 50 ಮೀಟರ್ ಒಳಗಿದ್ದರೆ ವೇಗ ಏರಿಸದೇ ಹೋದರೂ ಹಳದಿಗಿಂತ ಮುಂಚೆಯೇ ದಾಟಿರುತ್ತೀರಿ. ಅದಕ್ಕಿಂತ ದೂರ ಇದ್ದರೆ ನಿಲ್ಲುವ ತಯಾರಿ. ವೇಗ ಏರಿಸಿ ನುಗ್ಗೋದು ಎರಡೂ ಸಂದರ್ಭದಲ್ಲಿ ಬೇಡ.

ಈ ಮಿಟುಕು ಒಳ್ಳೆಯದೋ ಕೆಟ್ಟದ್ದೋ ಅಂತ ನಮ್ಮ ಮನೆಯಲ್ಲೇ ಜಗಳ ಇದೆ. ಮುಂಚೆ ಹೇಳೋದು ಉಪಕಾರ ಅಲ್ವಾ ಅಂತಾರೆ ನಮ್ಮವರು. ನನಗೆ ಹಾಗನಿಸಲ್ಲ. ಒಂದೇ ಮಿಟುಕು ನೋಡಿ ಮುಂದಿನವನು ಬ್ರೇಕ್ ಹಾಕ್ತಾನೆ, ಹಿಂದಿನವನು ಆಕ್ಸಿಲರೇಟರ್ ತುಳೀತಾನೆ. ಇಬ್ಬರಿಗೂ ಯೋಚಿಸೋಕೆ ಹೊತ್ತು ಸಿಕ್ಕಿದ್ದೇ ತಪ್ಪಾಯ್ತು. ಅದಕ್ಕೇ ಕನ್ನಡಿ ನೋಡು ಅಂದಿದ್ದು. ಅಲ್ಲಿ ಮುಂದಿನ ಕಾರಿನಿಂದ ಯಾವಾಗಲಿಗಿಂತ ಸ್ವಲ್ಪ ಹೆಚ್ಚೇ ಅಂತರ ಬಿಡಿ.

ಆಸ್ಟ್ರಿಯಾದಿಂದ ಬ್ರೆನ್ನರ್ ಕಣಿವೆ ದಾಟಿ ಇಟಲಿಗೆ ಇಳಿದರೆ ಎರಡು ಆಸರೆಯೂ ಒಟ್ಟಿಗೆ ಹೋಗುತ್ತೆ. ಹಸಿರಿನ ಕೊನೆಯಲ್ಲಿ ಮಿಟುಕು ಇಲ್ಲ, ಕೆಂಪಿನ ಕೊನೆಯಲ್ಲಿ ಹಳದಿ ಇಲ್ಲ. ಒಂದು ವಾರ ಆಸ್ಟ್ರಿಯಾದಲ್ಲಿ ಓಡಿಸಿದವರಿಗೆ "ಮಿಟುಕಿಲ್ಲ, ಅಂದರೆ ಇನ್ನೂ ಹೊತ್ತಿದೆ" ಅನ್ನೋ ನಂಬಿಕೆ ಕೂತಿರುತ್ತೆ. ಇಟಲಿಯ ಮೊದಲ ಊರಿನಲ್ಲೇ ಅದನ್ನು ಕಿತ್ತು ಹಾಕಬೇಕು. ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾದಲ್ಲೂ ಹಸಿರು ಮಿಟುಕುತ್ತೆ. ಪಕ್ಕದ ಪೋಲೆಂಡಿನಲ್ಲಿ ವಾಹನಗಳ ಹಸಿರು ಮಿಟುಕಲ್ಲ.

ಹೀಗಂತ "ಮಿಟುಕುವ ಹಸಿರು ಅಂದರೆ ಮುಗೀತು" ಅಂತ ಬರೆದಿಟ್ಟುಕೊಂಡು ಕೆನಡಾಕ್ಕೆ ಹೋಗಬೇಡಿ. ಅಮೆರಿಕದ ಡೆಟ್ರಾಯಿಟ್‌ನಿಂದ ನದಿ ದಾಟಿ ಒಂಟಾರಿಯೊದ ವಿಂಡ್ಸರ್ ಕಡೆ ಬಂದರೆ ಮಿಟುಕುವ ಹಸಿರಿಗೆ ಅರ್ಥ ಬೇರೆಯೇ: ಎದುರಿನವರಿಗೆ ಕೆಂಪಿದೆ, ನೀವು ನಿಶ್ಚಿಂತೆಯಿಂದ ಎಡಕ್ಕೆ ತಿರುಗಿ. ಅದೇ ದೇಶದ ಪಶ್ಚಿಮದ ತುದಿ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂರನೇ ಅರ್ಥ: ಈ ಸಿಗ್ನಲ್ ಪಾದಚಾರಿ ಬಟನ್ ಒತ್ತಿದಾಗ ಮಾತ್ರ ಬದಲಾಗುತ್ತೆ. ಅಲ್ಲಿ ಎದುರಿನವರಿಗೂ ಹಸಿರೇ ಇರುತ್ತೆ. ಒಂಟಾರಿಯೊ ನೆನಪಿನಲ್ಲಿ ಎಡಕ್ಕೆ ತಿರುಗಿದರೆ ನೇರ ಎದುರಿನ ಕಾರಿಗೇ.

ಎಲ್ಲಿ ನಿಲ್ಲೋದು, ಯಾವ ದೀಪ ನೋಡೋದು

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಜಂಕ್ಷನ್ನಿನ ಆಚೆ ಬದಿಯಲ್ಲೂ ನಿಮ್ಮದೇ ಸಿಗ್ನಲ್ ಇನ್ನೊಂದಿರುತ್ತೆ. ಗೆರೆಗಿಂತ ಒಂದಿಷ್ಟು ಮುಂದೆ ಹೋದರೂ ಅದು ಕಾಣುತ್ತೆ. ಫ್ರಾನ್ಸಿನಲ್ಲಿ ಸಿಗ್ನಲ್ ಗೆರೆಯ ಪಕ್ಕದಲ್ಲೇ. ಅಲ್ಲಿ ಗೆರೆ ದಾಟಿ ನಿಂತರೆ ನಿಮ್ಮ ದೀಪ ನಿಮ್ಮ ಬೆನ್ನ ಹಿಂದೆ, ಹಸಿರು ಬಂದಿದ್ದು ಹಿಂದಿನವನ ಹಾರ್ನಿನಿಂದಲೇ ತಿಳೀಬೇಕು. ಸರಿಯಾಗಿ ಗೆರೆಯ ಹಿಂದೆ ನಿಂತವರಿಗೆ ಅವರು ಒಂದು ಉಪಕಾರ ಮಾಡಿದ್ದಾರೆ: ಅದೇ ಕಂಬದಲ್ಲಿ, ಕಾರಿನಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ, ಪುಟ್ಟ ಮೂರು ದೀಪದ ಇನ್ನೊಂದು ಪೆಟ್ಟಿಗೆ. ಕತ್ತೆತ್ತಿ ವಿಂಡ್‌ಸ್ಕ್ರೀನಿಗೆ ಮೂಗು ಒತ್ತಬೇಕಿಲ್ಲ, ಅದನ್ನೇ ನೋಡ್ತಾ ಇರಿ.

2017ರಿಂದ ಸ್ಟ್ರಾಸ್‌ಬರ್ಗ್‌ನ ಟ್ರಾಮ್ ಸೇತುವೆ ದಾಟಿ ನಮ್ಮ ಕೇಲ್‌ವರೆಗೂ ಬರುತ್ತೆ. ಟ್ರಾಮಿಗೆ ಬೇರೆ ದೀಪ, ಬಿಳಿಯ ಪಟ್ಟಿಗಳು. ಅಡ್ಡ ಪಟ್ಟಿ ಅಂದರೆ ನಿಲ್ಲು, ಉದ್ದ ಪಟ್ಟಿ ಅಂದರೆ ಹೋಗು. ಕಾರಿನವರು ಅದನ್ನು ಓದೋಕೆ ಹೋಗಬೇಡಿ. ಬಿಳಿ ಬದಲಾಯ್ತು ಅಂತ ಹೊರಟರೆ ಟ್ರಾಮಿನ ಮುಂದೆಯೇ ಹೋಗಿ ನಿಲ್ಲುತ್ತೀರಿ.

ಕೆಂಪಿನಲ್ಲಿ ಬಲಕ್ಕೆ

ಅಮೆರಿಕದಲ್ಲಿ ಓಡಿಸಿ ಬಂದವರಿಗೆ ಕೆಂಪಿದ್ದರೂ ಬಲಕ್ಕೆ ತಿರುಗುವ ಚಟ ಇರುತ್ತೆ. ಅಲ್ಲಿ ಅದು ಬಹುತೇಕ ಕಡೆ ಸರಿ, ನ್ಯೂಯಾರ್ಕ್ ನಗರದಲ್ಲಿ ಅಲ್ಲ. ಪಕ್ಕದ ಕೆನಡಾದಲ್ಲೂ ಸರಿ, ಮಾಂಟ್ರಿಯಲ್ ದ್ವೀಪದಲ್ಲಿ ಅಲ್ಲ. ಯುರೋಪಿನಲ್ಲಿ ಹಾಗೆ ಮಾಡಲೇಬೇಡಿ, ಬಾಣ ಇದ್ದರೆ ಹೊರತು. ಬಾಣದಲ್ಲೂ ಭೇದ ಇದೆ. ಜರ್ಮನಿಯದು ದೀಪವಲ್ಲ, ಕಪ್ಪು ಹಲಗೆ ಮೇಲೆ ಬರೆದ ಹಸಿರು ಬಾಣ. ಪೂರ್ವ ಜರ್ಮನಿಯಲ್ಲಿ 1978ರಲ್ಲಿ ಶುರುವಾಗಿದ್ದು, ದೇಶ ಒಂದಾದ ಮೇಲೂ ಉಳಿದುಕೊಂಡಿತು. ಹಲಗೆ ಇದ್ದರೂ ಗೆರೆಯಲ್ಲಿ ಒಮ್ಮೆ ಪೂರ್ತಿ ನಿಲ್ಲಬೇಕು, ಆಮೇಲೆ ತಿರುಗಬೇಕು. ಪೋಲೆಂಡಿನದು ಉರಿಯುವ ಹಸಿರು ಬಾಣ, ಅಲ್ಲೂ ನಿಂತೇ ಹೋಗಬೇಕು. ಫ್ರಾನ್ಸಿನದು ಮಿಟುಕುವ ಹಳದಿ ಬಾಣ. ನಿಲ್ಲಲೇಬೇಕೆಂದಿಲ್ಲ, ಆದರೆ ಪಾದಚಾರಿಗೂ ಅಡ್ಡ ಬರುವವರಿಗೂ ದಾರಿ ಬಿಡಬೇಕು.

ದಂಡದ ಬಗ್ಗೆಯೂ ಹೇಳಿಬಿಡ್ತೀನಿ. ಜರ್ಮನಿಯಲ್ಲಿ ಕೆಂಪು ದಾಟಿದರೆ 90 ಯೂರೋ, ಜೊತೆಗೆ ಚಾಲಕರ ದಾಖಲೆಗೆ ತಪ್ಪಿನ 1 ಪಾಯಿಂಟ್. ಕೆಂಪು ಬಿದ್ದು 1 ಸೆಕೆಂಡಿಗಿಂತ ಹೆಚ್ಚಾಗಿದ್ದರೆ 200 ಯೂರೋ, 2 ಪಾಯಿಂಟ್, ಒಂದು ತಿಂಗಳು ಗಾಡಿ ಓಡಿಸುವಂತಿಲ್ಲ. ಫ್ರಾನ್ಸಿನಲ್ಲಿ 135 ಯೂರೋ, ಬೇಗ ಕಟ್ಟಿದರೆ 90. ಅಲ್ಲಿನ ಲೈಸೆನ್ಸ್ ಇದ್ದವರಿಗೆ 4 ಪಾಯಿಂಟ್ ಕಡಿತ ಬೇರೆ.

ಬರೀ ಹಳದಿ ಮಿಟುಕುತ್ತಿದ್ದರೆ

ರಾತ್ರಿ ಜರ್ಮನಿಯ ಸಣ್ಣ ಊರುಗಳಲ್ಲಿ ಸಿಗ್ನಲ್ ಆರಿಸಿರ್ತಾರೆ, ಇಲ್ಲವೇ ಹಳದಿ ಮಾತ್ರ ಮಿಟುಕುತ್ತಿರುತ್ತೆ. ಆಗ ಕಂಬದಲ್ಲಿರುವ ಫಲಕ ನೋಡಿ. ಹಳದಿ ವಜ್ರಾಕೃತಿ ಇದ್ದರೆ ದಾರಿ ನಿಮ್ಮದು, ತಲೆಕೆಳಗಾದ ತ್ರಿಕೋನ ಇದ್ದರೆ ಅಡ್ಡ ರಸ್ತೆಯವರದು, ಏನೂ ಇಲ್ಲದಿದ್ದರೆ ಬಲಗಡೆಯಿಂದ ಬರುವವರದು. ಫ್ರಾನ್ಸಿನಲ್ಲೂ ಹೀಗೇ. ಬ್ರಿಟನ್ನಿನ ಕೆಲವು ಪಾದಚಾರಿ ದಾಟುಗಳಲ್ಲಿ ಹಗಲಲ್ಲೇ ಹಳದಿ ಮಿಟುಕುತ್ತೆ. ಅಲ್ಲಿ ಕೆಂಪು-ಹಳದಿಯ ಬದಲು ಬರೋದೇ ಅದು. ದಾಟುವವರು ಯಾರಾದರೂ ಇದ್ದರೆ ನಿಲ್ಲಿ, ಖಾಲಿ ಇದ್ದರೆ ಹೋಗಿ.

ಕೆಂಪು ಮಿಟುಕಿದರೆ? ಅಮೆರಿಕದ ಜಂಕ್ಷನ್ನಿನಲ್ಲಿ ಅದಕ್ಕೆ ಸ್ಟಾಪ್ ಫಲಕದ ಅರ್ಥ: ನಿಂತು, ನೋಡಿ, ಹೋಗಿ. ಯುರೋಪಿನಲ್ಲಿ ಮಿಟುಕುವ ಕೆಂಪು ಸಾಮಾನ್ಯವಾಗಿ ಕಾಣೋದು ರೈಲ್ವೆ ಗೇಟಿನಲ್ಲಿ. ಬ್ರಿಟನ್ನಿನಲ್ಲಿ ಮೊದಲು ಹಳದಿ ಉರಿದು, ಆಮೇಲೆ ಎರಡು ಕೆಂಪು ಒಂದಾದ ಮೇಲೊಂದು ಮಿಟುಕುತ್ತವೆ. ಫ್ರಾನ್ಸಿನಲ್ಲಿ ಹಳದಿಯೂ ಇಲ್ಲ, ನೇರ ಕೆಂಪೇ. ಗೇಟು ಇನ್ನೂ ಇಳಿದಿಲ್ಲ ಅಂತ ನಿಂತು ನೋಡಿ ಹೊರಡೋ ಹಾಗಿಲ್ಲ. ಅದು ಆರುವ ತನಕ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಕೂತಿರಿ. ಒಂದು ರೈಲು ಹೋದ ಮೇಲೂ ಮಿಟುಕುತ್ತಲೇ ಇದ್ದರೆ ಇನ್ನೊಂದು ಬರ್ತಿರಬಹುದು.