‘ಲುಕ್’ ಗೊತ್ತು, ‘ಇಂಟು’ ಗೊತ್ತು, ‘ಲುಕ್ ಇಂಟು’ ಮಾತ್ರ ಗೊತ್ತಿಲ್ಲ!

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೊಂದು ಮೇಲ್ ಬಂತು. ‘ಕುಡ್ ಯು ಲುಕ್ ಇಂಟು ದಿಸ್?’ ಅಂತ ಒಂದೇ ಸಾಲು, ಜೊತೆಗೊಂದು ಫೈಲು. ಲುಕ್ ಅಂದರೆ ನೋಡು, ಇಂಟು ಅಂದರೆ ಒಳಗೆ. ಫೈಲು ತೆರೆದೆ, ಒಳಗೆ ನೋಡಿದೆ, ಮುಚ್ಚಿದೆ. ‘ಡನ್’ ಅಂತ ಉತ್ತರವನ್ನೂ ಕಳಿಸಿದೆ. ಎರಡು ದಿನ ಬಿಟ್ಟು ಮೇಲಿನವರು ‘ಏನು ಗೊತ್ತಾಯ್ತು?’ ಎಂದು ಕೇಳಿದಾಗ, ಏನು ಗೊತ್ತಾಗಬೇಕಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಲೆಕ್ಕ ಎಲ್ಲಿ ತಪ್ಪಿದೆ ಅಂತ ವಿಚಾರಿಸು ಎಂದು ಅವರು ಹೇಳಿದ್ದರು. ನಾನು ಸುಮ್ನೆ ನೋಡಿ ಬಂದಿದ್ದೆ.

ಇಂಥ ಜೋಡಿಪದಗಳಿಗೆ ಇಂಗ್ಲಿಷ್‌ನಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. ಇದರಿಂದ ಸುಸ್ತಾದವರು ನಾವೇ ಮೊದಲಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟು ಹೊರತಂದಾಗ, ಹೊರಗಿನಿಂದ ಬಂದು ಕಲಿಯುವವರಿಗೆ ಎಲ್ಲಕ್ಕಿಂತ ಕಷ್ಟ ಕೊಡುವುದು ಇದೇ ಎಂದು ಮುನ್ನುಡಿಯಲ್ಲೇ ಬರೆದರು. ಆಗ ಇದಕ್ಕೆ ಈ ಹೆಸರೂ ಇರಲಿಲ್ಲ. ‘ಫ್ರೇಸಲ್ ವರ್ಬ್’ ಎನ್ನುವುದು ಜನರ ಬಾಯಿಗೆ ಬಂದದ್ದು 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕರು ಅದನ್ನು ಬಳಸಿ ಬರೆದ ಮೇಲೆ.

ಗಾಬರಿ ಬೇಡ. ಇದೇ ಆಟವನ್ನು ನಾವು ಕನ್ನಡದಲ್ಲಿ ದಿನವಿಡೀ ಆಡುತ್ತೇವೆ. ‘ಹೇಳು’ ಎಂಬ ಪದವನ್ನೇ ನೋಡಿ. ಹೇಳಿಬಿಡು ಎಂದರೆ ಒಳಗಿಟ್ಟುಕೊಳ್ಳಬೇಡ ಎಂದು. ಹೇಳಿಕೊ ಎಂದರೆ ಕಷ್ಟ ಹಂಚಿಕೊ ಎಂದು. ಹೇಳಿಕಳಿಸು ಎಂದರೆ ಬರಲು ಹೇಳು. ಹೇಳಿಕೊಡು ಎಂದರೆ ಕಲಿಸು. ‘ಹೇಳು’ ಗೊತ್ತು, ‘ಕೊಡು’ ಗೊತ್ತು ಎನ್ನುವ ಹೊಸ ಕಲಿಕೆಯವರಿಗೆ ‘ಪಾಠ ಹೇಳಿಕೊಡಿ’ ಎಂದರೆ, ಏನು ಕೊಡಬೇಕೋ ತಿಳಿಯದೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಇನ್ನು ‘ಗಾಡಿ ಕೈಕೊಟ್ಟಿತು’ ಎಂದರಂತೂ ಕಥೆ ಮುಗೀತು. ಇಂಗ್ಲಿಷ್‌ನವರು ಅದಕ್ಕೇ ‘ದ ಕಾರ್ ಬ್ರೋಕ್ ಡೌನ್’ ಎನ್ನುತ್ತಾರೆ. ಇಲ್ಲಿ ಯಾರೂ ಕೈ ಕೊಟ್ಟಿಲ್ಲ, ಅಲ್ಲಿ ಯಾವುದೂ ಕೆಳಗೆ ಬಿದ್ದಿಲ್ಲ.

ಹೆಜ್ಜೆ 1: ಸಾವಿರದ ಪಟ್ಟಿ ಎತ್ತಿಡಿ

ಇಂಗ್ಲಿಷ್‌ನಲ್ಲಿ ಸಾವಿರಾರು ಫ್ರೇಸಲ್ ವರ್ಬ್‌ಗಳಿವೆ. ಅವನ್ನೆಲ್ಲ ಎ ಅಕ್ಷರದಿಂದ ಉರು ಹೊಡೆಯಲು ಕೂತವರು ಬಿ ಅಕ್ಷರದ ಹೊತ್ತಿಗೆ ಎದ್ದುಹೋಗುತ್ತಾರೆ. ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಎಂಬ ಇಬ್ಬರು ಭಾಷಾತಜ್ಞರು 2007ರಲ್ಲಿ ಹತ್ತು ಕೋಟಿ ಪದಗಳ ಬ್ರಿಟಿಷ್ ಭಾಷಾಸಂಗ್ರಹವನ್ನು ಜಾಲಾಡಿ ಎಣಿಕೆ ಮಾಡಿದರು. ಅದರಲ್ಲಿ ಫ್ರೇಸಲ್ ವರ್ಬ್ ಬಂದ ಕಡೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ 100 ಜೋಡಿಗಳದ್ದೇ ಆಗಿತ್ತು. ಎಲ್ಲಕ್ಕಿಂತ ಮೇಲೆ ನಿಂತದ್ದು ‘ಗೋ ಆನ್’. ‘ಕ್ಯಾರಿ ಔಟ್’, ‘ಸೆಟ್ ಅಪ್’, ‘ಪಿಕ್ ಅಪ್’, ‘ಫೈಂಡ್ ಔಟ್’, ‘ಪಾಯಿಂಟ್ ಔಟ್’ ಕೂಡ ಮುಂದಿನ ಸಾಲಿನವೇ. ಇಂಥ ನೂರು ಕೈಗೆ ಬಂದರೆ ಅರ್ಧ ಹೊರೆ ಇಳಿದಂತೆ. ‘ಇಟ್ಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ತರಹದ ನುಡಿಗಟ್ಟುಗಳ ಹಿಂದೆ ಬಿದ್ದು ಹೊತ್ತು ಕಳೆಯುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ.

ಹೆಜ್ಜೆ 2: ಬಾಲವನ್ನು ಹಿಡಿಯಿರಿ

ಹೆಚ್ಚಿನ ಪುಸ್ತಕಗಳು ‘ಪುಟ್’ ಕೆಳಗೆ ಹದಿನೈದು, ‘ಗೆಟ್’ ಕೆಳಗೆ ಇಪ್ಪತ್ತು ಎಂದು ಪಟ್ಟಿ ಕೊಡುತ್ತವೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ದಾರಿ. ಪುಟ್, ಗೆಟ್, ಟೇಕ್ ಇವಕ್ಕೆ ಸ್ವಂತ ಬಣ್ಣ ಕಡಿಮೆ. ಬಣ್ಣ ಕೊಡುವುದು ಹಿಂದೆ ಬರುವ ಅಪ್, ಆಫ್, ಔಟ್, ಆನ್, ಡೌನ್, ಓವರ್ ಎಂಬ ಬಾಲಗಳು. ಅವನ್ನು ಒಂದೊಂದಾಗಿ ಹಿಡಿಯಿರಿ.

‘ಅಪ್’ ಎಂದರೆ ಮೇಲೆ ಎಂದಷ್ಟೇ ಕಲಿತಿದ್ದೇವೆ. ಆದರೆ ಅದು ಬಹಳ ಸಲ ಮಾಡುವುದು ನಮ್ಮ ‘ಬಿಡು’, ‘ಹಾಕು’ಗಳ ಕೆಲಸ. ಈಟ್ ಎಂದರೆ ತಿನ್ನು, ಈಟ್ ಅಪ್ ಎಂದರೆ ಪೂರ್ತಿ ತಿಂದುಬಿಡು. ಟೇರ್ ಎಂದರೆ ಹರಿ, ಟೇರ್ ಅಪ್ ಎಂದರೆ ಹರಿದುಹಾಕು. ಯೂಸ್ ಅಪ್ ಎಂದರೆ ಬಳಸಿ ಖಾಲಿ ಮಾಡು.

‘ಆಫ್’ ದೂರ ಸರಿಸುತ್ತದೆ. ಕಟ್ ಆಫ್ ಎಂದರೆ ಕತ್ತರಿಸಿ ಬೇರೆ ಮಾಡು, ಟೇಕ್ ಆಫ್ ಎಂದರೆ ಕಳಚು. ವಿಮಾನ ‘ಟೇಕ್ ಆಫ್’ ಆಗುವಾಗಲೂ ನೆಲದಿಂದ ಕಳಚಿಕೊಳ್ಳುತ್ತದೆ. ಈಗ ‘ಪುಟ್ ಆಫ್’ ನೋಡಿ. ಸಭೆಯನ್ನು ಇವತ್ತಿನಿಂದ ದೂರ ಇಟ್ಟರು, ಅಂದರೆ ಮುಂದಕ್ಕೆ ಹಾಕಿದರು. ‘ಕಾಲ್ ಆಫ್’ ಅದಕ್ಕಿಂತ ಖಾರ: ಸಭೆ ರದ್ದು.

‘ಔಟ್’ ನನಗೆ ತುಂಬ ಇಷ್ಟ. ಯಾಕೆಂದರೆ ನಾವೂ ‘ಸತ್ಯ ಹೊರಬಿತ್ತು’ ಎನ್ನುತ್ತೇವೆ, ಅಲ್ವಾ? ಫೈಂಡ್ ಔಟ್ ಎಂದರೆ ಕೆದಕಿ ತಿಳಿದುಕೊ. ಟರ್ನ್ ಔಟ್ ಎಂದರೆ ಕೊನೆಗೆ ಹಾಗೆಂದು ಗೊತ್ತಾಗು. ಪಾಯಿಂಟ್ ಔಟ್ ಎಂದರೆ ಎತ್ತಿ ತೋರಿಸು. ಇದೇ ಔಟ್‌ಗೆ ಬರಿದಾಗುವ ಗುಣವೂ ಇದೆ. ‘ವೀ ರ್‍ಯಾನ್ ಔಟ್ ಆವ್ ಪೇಪರ್’ ಎಂದರೆ ಕಾಗದ ಮುಗಿದುಹೋಯಿತು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ‘ಆನ್’ ನಿಲ್ಲಿಸದೆ ಮುಂದುವರಿಸುತ್ತದೆ: ಗೋ ಆನ್, ಕ್ಯಾರಿ ಆನ್. ‘ಡೌನ್’ ತಗ್ಗಿಸುತ್ತದೆ: ಸ್ಲೋ ಡೌನ್, ಕಾಮ್ ಡೌನ್. ‘ಓವರ್’ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತದೆ: ಹ್ಯಾಂಡ್ ಓವರ್, ಟೇಕ್ ಓವರ್. ಇನ್ನು ನನ್ನ ಮಾನ ಕಳೆದ ‘ಲುಕ್ ಇಂಟು’. ಅದರ ಕನ್ನಡ ನನ್ನ ಬಾಯಲ್ಲೇ ಇತ್ತು: ಒಳಹೊಕ್ಕು ನೋಡು.

ಇದು ಸುಳಿವೇ ಹೊರತು ಕಾನೂನಲ್ಲ. ಅರ್ಜಿಯನ್ನು ‘ಫಿಲ್ ಇನ್’ ಮಾಡಿದರೂ ಅಷ್ಟೇ, ‘ಫಿಲ್ ಔಟ್’ ಮಾಡಿದರೂ ಅಷ್ಟೇ. ಕಾಗದ ‘ಬರ್ನ್ ಅಪ್’ ಆಗುತ್ತದೆ, ಮನೆ ‘ಬರ್ನ್ ಡೌನ್’ ಆಗುತ್ತದೆ. ಎರಡೂ ಕಡೆ ಉಳಿಯುವುದು ಬೂದಿಯೇ.

ಹೆಜ್ಜೆ 3: ನಡುವೆ ‘ಇಟ್’ ಸೇರಿಸಿ ಬಾಯಿಪಾಠ ಮಾಡಿ

ಅರ್ಥ ಗೊತ್ತಾದ ಮೇಲೂ ಎಡವುವ ಜಾಗ ಇದು. ‘ಟರ್ನ್ ಆಫ್ ದ ಲೈಟ್’ ಸರಿ, ‘ಟರ್ನ್ ದ ಲೈಟ್ ಆಫ್’ ಕೂಡ ಸರಿ. ಆದರೆ ದೀಪದ ಬದಲು ‘ಅದನ್ನು’ ಎನ್ನಬೇಕಾದರೆ ‘ಟರ್ನ್ ಇಟ್ ಆಫ್’ ಒಂದೇ ಸರಿ. ‘ಟರ್ನ್ ಆಫ್ ಇಟ್’ ಎಂದರೆ ಕೇಳುವವರ ಹುಬ್ಬು ಏರುತ್ತದೆ. ಇನ್ನು ‘ಲುಕ್ ಆಫ್ಟರ್’, ‘ಲುಕ್ ಇಂಟು’ ಬಿಡಿಸಲಾಗದ ಜೋಡಿಗಳು. ‘ಲುಕ್ ಇಟ್ ಇಂಟು’ ಎನ್ನುವಂತಿಲ್ಲ.

ಇದಕ್ಕೆ ದೊಡ್ಡ ದೊಡ್ಡ ಹೆಸರಿನ ವ್ಯಾಕರಣ ಇದೆ. ಬೇಡ. ಒಂದು ಸುಲಭದ ದಾರಿ ಹೇಳುತ್ತೇನೆ. ಹೊಸ ಜೋಡಿ ಸಿಕ್ಕಾಗ ಬರೀ ‘ಪುಟ್ ಆಫ್’ ಎಂದು ಬರೆದುಕೊಳ್ಳಬೇಡಿ, ‘ಪುಟ್ ಇಟ್ ಆಫ್’ ಎಂದು ಬರೆದುಕೊಳ್ಳಿ. ಹಾಗೆಯೇ ಪಿಕ್ ಇಟ್ ಅಪ್, ವರ್ಕ್ ಇಟ್ ಔಟ್, ಲುಕ್ ಇಂಟು ಇಟ್, ಗೆಟ್ ಓವರ್ ಇಟ್, ಪುಟ್ ಅಪ್ ವಿತ್ ಇಟ್. ಹತ್ತು ಸಲ ಜೋರಾಗಿ ಹೇಳಿದರೆ ‘ಇಟ್’ ಎಲ್ಲಿ ಕೂರಬೇಕೆಂದು ನಾಲಿಗೆಗೇ ಗೊತ್ತಾಗಿಬಿಡುತ್ತದೆ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ‘ಸಮ್‌ಥಿಂಗ್’ ಎಂಬ ಪದವನ್ನು ಮಧ್ಯದಲ್ಲೋ ಕೊನೆಯಲ್ಲೋ ಇಟ್ಟು ಇದನ್ನೇ ತೋರಿಸಿರುತ್ತಾರೆ. ಹೇಳುವಾಗ ‘ಪುಟ್ ಇಟ್ ಆಫ್’ನಲ್ಲಿ ಒತ್ತು ‘ಆಫ್’ ಮೇಲೆ ಬೀಳಲಿ.

‘ಆಫ್’ ಎಂದಾಗ ನೆನಪಾಯಿತು. ಇಂಗ್ಲಿಷ್‌ನಲ್ಲಿ ಒಂದು ಎಫ್ ಇರುವ ಪದ, ಎರಡು ಎಫ್ ಇರುವ ಪದ ಬೇರೆ ಬೇರೆ. ಕನ್ನಡದಲ್ಲಿ ನಾವು ಎರಡನ್ನೂ ‘ಆಫ್’ ಎಂದೇ ಬರೆಯುತ್ತೇವೆ, ಹಾಗೇ ಹೇಳುತ್ತೇವೆ. ಒಂದು ಎಫ್‌ನದ್ದು ‘ಆವ್’ ಎಂದು ಕೇಳಿಸಬೇಕು.

ಹೆಜ್ಜೆ 4: ವಾರಕ್ಕೆ ಐದು ಸಾಕು, ಒಂದೇ ಮನೆಯವು ಬೇಡ

ಒಂದೇ ದಿನ ಪುಟ್ ಆಫ್, ಪುಟ್ ಔಟ್, ಪುಟ್ ಆನ್, ಪುಟ್ ಅಪ್ ವಿತ್ ಕಲಿಯಲು ಹೋಗಿ ನಾನು ಒಮ್ಮೆ ಸಭೆಯನ್ನು ‘ಪುಟ್ ಔಟ್’ ಮಾಡಿದ್ದೆ. ಬೆಂಕಿ ಆರಿಸುವುದಕ್ಕೆ ಹೇಳುವ ಮಾತು ಅದು. ಒಂದೇ ತರಹ ಕಾಣುವವು ಒಟ್ಟಿಗೆ ತಲೆಗೆ ಹೋದರೆ ಕಲಸಿಹೋಗುತ್ತವೆ. ಬೇರೆ ಬೇರೆ ಮನೆಯ ಐದನ್ನು ಆರಿಸಿಕೊಳ್ಳಿ.

ಪ್ರತಿಯೊಂದಕ್ಕೂ ನಿಮ್ಮ ಬದುಕಿನದ್ದೇ ಒಂದು ವಾಕ್ಯ ಬರೆಯಿರಿ. ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: ‘ಐ ಕೆಪ್ಟ್ ಪುಟಿಂಗ್ ಆಫ್ ದ ಡೆಂಟಿಸ್ಟ್ ಅಂಟಿಲ್ ದ ಟೂತ್ ಗೇವ್ ಅಪ್.’ ಹಲ್ಲಿನ ಡಾಕ್ಟರ ಬಳಿ ಹೋಗುವುದನ್ನು ಮುಂದಕ್ಕೆ ಹಾಕುತ್ತಲೇ ಹೋದೆ, ಕೊನೆಗೆ ಹಲ್ಲೇ ಸೋತಿತು. ಆ ಹಲ್ಲು ಹೋಗಿದೆ, ಎರಡು ಫ್ರೇಸಲ್ ವರ್ಬ್ ಉಳಿದಿವೆ. ಪಕ್ಕದಲ್ಲಿ ಕನ್ನಡ ಬರೆಯುವಾಗ ಪದಕ್ಕೆ ಪದ ಇಡಬೇಡಿ. ಅದೇ ಜಾಗದಲ್ಲಿ ನೀವು ಕನ್ನಡದಲ್ಲಿ ಏನು ಹೇಳುತ್ತಿದ್ದಿರೋ ಅದನ್ನೇ ಬರೆಯಿರಿ. ವಾರದ ಕೊನೆಗೆ ಇಂಗ್ಲಿಷ್ ಭಾಗ ಮುಚ್ಚಿ, ಕನ್ನಡ ನೋಡಿ ಹೇಳಿ.

ಹೆಜ್ಜೆ 5: ಇಲ್ಲದ ಬಾಲ ಅಂಟಿಸಬೇಡಿ

‘ಕೋಪ್ ಅಪ್ ವಿತ್’ ಎಂಬುದನ್ನು ಎಷ್ಟು ಜನ ಬರೆಯುತ್ತಾರೋ! ಸರಿಯಾದದ್ದು ‘ಕೋಪ್ ವಿತ್’, ಮಧ್ಯೆ ಅಪ್ ಇಲ್ಲ. ‘ಡಿಸ್ಕಸ್ ಅಬೌಟ್’ ಕೂಡ ಹಾಗೆಯೇ. ನಾವು ‘ಅದರ ಬಗ್ಗೆ’ ಚರ್ಚಿಸುತ್ತೇವಲ್ಲ, ಆ ‘ಬಗ್ಗೆ’ ಇಂಗ್ಲಿಷ್‌ಗೂ ನುಸುಳುತ್ತದೆ. ‘ಡಿಸ್ಕಸ್ ಇಟ್’ ಸಾಕು. ‘ರಿಟರ್ನ್’ನಲ್ಲೇ ವಾಪಸ್ ಇರುವಾಗ ಅದರ ಹಿಂದೆ ಇನ್ನೊಂದು ‘ಬ್ಯಾಕ್’ ಯಾಕೆ?

ಫ್ರೇಸಲ್ ವರ್ಬ್ ಎಂದರೆ ಬರೀ ಆಡುಮಾತು, ಬರಹದಲ್ಲಿ ಬಳಸಬಾರದು ಎಂಬ ಮಾತನ್ನೂ ಪೂರ್ತಿ ನಂಬಬೇಡಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಪದಗಳು ಆಡಳಿತದ ಗತ್ತು ಪಡೆದವು. ಇವತ್ತಿಗೂ ‘ಪೋಸ್ಟ್‌ಪೋನ್’ಗೆ ಕೋಟು ತೊಟ್ಟ ಗಾಂಭೀರ್ಯ, ‘ಪುಟ್ ಆಫ್’ಗೆ ಮನೆಯ ಸಲಿಗೆ. ನಮ್ಮ ‘ಸಹಿಸು’ ಮತ್ತು ‘ತಡೆದುಕೊ’ ಇದ್ದ ಹಾಗೆ. ಆದರೆ ಕ್ಯಾರಿ ಔಟ್, ಸೆಟ್ ಅಪ್, ಪಾಯಿಂಟ್ ಔಟ್ ಇವು ಎಂಥ ಗಂಭೀರ ವರದಿಯಲ್ಲೂ ಮುಜುಗರವಿಲ್ಲದೆ ಕೂರುತ್ತವೆ.

ಹೆಜ್ಜೆ 6: ಎರಡು ವಾಕ್ಯಕ್ಕೆ ಒಂದೇ ಕೊಂಡಿ

ಈಗ ಲಿಂಕಿಂಗ್ ವರ್ಡ್ಸ್. ಆಲ್ದೋ, ಬಟ್, ಬಿಕಾಸ್, ಹೌಎವರ್ ಇಂಥ ಕೊಂಡಿಪದಗಳು. ಇಲ್ಲಿ ಅರ್ಥದ ಕಷ್ಟವಿಲ್ಲ, ಜಾಗದ ಕಷ್ಟ.

ಕನ್ನಡದಲ್ಲಿ ‘ಮಳೆ ಬಂದರೂ ಹೊರಟೆವು’ ಎನ್ನುತ್ತೇವೆ. ಕೊಂಡಿ ಎಲ್ಲಿದೆ? ‘ಬಂದರೂ’ ಎಂಬುದರ ಕೊನೆಯ ‘ರೂ’ನಲ್ಲಿ, ಅಂದರೆ ಎರಡು ಮಾತುಗಳ ನಟ್ಟನಡುವೆ. ಇಂಗ್ಲಿಷ್‌ನಲ್ಲಿ ‘ಆಲ್ದೋ’ ಎಲ್ಲಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೆ: ‘ಆಲ್ದೋ ಇಟ್ ರೇನ್ಡ್, ವೀ ವೆಂಟ್.’ ನಡುವೆ ಕೊಂಡಿ ಕಾಣದೆ ನಮಗೆ ಖಾಲಿ ಖಾಲಿ ಅನಿಸುತ್ತದೆ. ಅಲ್ಲೊಂದು ‘ಬಟ್’ ತುರುಕುತ್ತೇವೆ. ‘ಆಲ್ದೋ ಇಟ್ ರೇನ್ಡ್, ಬಟ್ ವೀ ವೆಂಟ್’ ತಪ್ಪು. ‘ಬಿಕಾಸ್’ನಿಂದ ಶುರುವಾದ ವಾಕ್ಯದ ನಡುವೆ ‘ಸೋ’ ಬರುವುದೂ ಇದೇ ಕಾರಣಕ್ಕೆ. ಆಲ್ದೋ ಇದ್ದರೆ ಬಟ್ ಬೇಡ, ಬಿಕಾಸ್ ಇದ್ದರೆ ಸೋ ಬೇಡ.

ಅದೇ ಮಳೆಯನ್ನು ಇನ್ನೂ ಮೂರು ರೀತಿ ಹೇಳಿ ಅಭ್ಯಾಸ ಮಾಡಿ. ‘ಇಟ್ ರೇನ್ಡ್, ಬಟ್ ವೀ ವೆಂಟ್.’ ‘ಇಟ್ ರೇನ್ಡ್. ಹೌಎವರ್, ವೀ ವೆಂಟ್.’ ‘ಡಿಸ್ಪೈಟ್ ದ ರೇನ್, ವೀ ವೆಂಟ್.’ ‘ಹೌಎವರ್’ನ ಹಿಂದೆ ಪೂರ್ಣವಿರಾಮ, ಮುಂದೆ ಕಾಮಾ. ಬರೀ ಕಾಮಾ ಹಾಕಿ ಎರಡು ವಾಕ್ಯ ಅಂಟಿಸುವ ಶಕ್ತಿ ಅದಕ್ಕಿಲ್ಲ. ‘ಡಿಸ್ಪೈಟ್’ ಆದಮೇಲೆ ‘ಮಳೆ’ ಎಂಬ ಹೆಸರು ಬರಬೇಕು, ‘ಮಳೆ ಬಂತು’ ಎಂಬ ಪೂರ್ತಿ ವಾಕ್ಯ ಬರುವಂತಿಲ್ಲ. ‘ಡಿಸ್ಪೈಟ್ ಆವ್’ ಎಂಬುದು ಇಲ್ಲವೇ ಇಲ್ಲ. ಆ ‘ಆವ್’ ಬರುವುದು ‘ಇನ್ ಸ್ಪೈಟ್ ಆವ್’ನಲ್ಲಿ.

ಒಂದು ಜೋಡಿ ಮಾತ್ರ ಎಷ್ಟೋ ವರ್ಷ ನನ್ನನ್ನು ಆಟವಾಡಿಸಿತು. ‘ಆನ್ ದ ಅದರ್ ಹ್ಯಾಂಡ್’ ಎಂದರೆ ‘ಇನ್ನೊಂದು ಕಡೆ ನೋಡಿದರೆ’. ಬಾಡಿಗೆ ಕಡಿಮೆ, ಇನ್ನೊಂದು ಕಡೆ ನೋಡಿದರೆ ಆಫೀಸು ದೂರ: ಎರಡೂ ನಿಜ. ‘ಆನ್ ದ ಕಾಂಟ್ರರಿ’ ಎಂದರೆ ‘ಛೆ, ಹಾಗಲ್ಲ, ಉಲ್ಟಾ’. ‘ನಿಮಗೆ ಬೇಜಾರಾಯಿತಾ?’ ‘ಆನ್ ದ ಕಾಂಟ್ರರಿ, ಖುಷಿಯಾಯಿತು.’ ಇಲ್ಲಿ ಮೊದಲಿನ ಮಾತು ಸುಳ್ಳಾಗುತ್ತದೆ.

ಹೆಜ್ಜೆ 7: ಬರೆದ ಮೇಲೆ ಕೊಂಡಿಗಳನ್ನೆಲ್ಲ ಕಿತ್ತುಹಾಕಿ

ಪ್ರಬಂಧ ಎಂದರೆ ಫಸ್ಟ್ಲಿ, ಸೆಕೆಂಡ್ಲಿ, ಮೋರ್‌ಓವರ್, ಫರ್ದರ್‌ಮೋರ್ ಎಂದು ಪ್ರತಿ ಸಾಲಿಗೂ ಹಾರ ಹಾಕುವುದು ಎಂದು ನಮ್ಮಲ್ಲಿ ಅನೇಕರು ಕಲಿತಿದ್ದೇವೆ. ವಿದೇಶಕ್ಕೆ ಓದಲೋ ಕೆಲಸಕ್ಕೋ ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ನಾಲ್ಕು ಅಳತೆಗೋಲುಗಳಿವೆ. ಮಾತಿನಿಂದ ಮಾತಿಗೆ ಹೊಂದಿಕೆ ಇದೆಯೇ ಎನ್ನುವುದು ಅದರಲ್ಲೊಂದು, ಕಾಲು ಭಾಗ ಅಂಕ ಅದಕ್ಕೇ. ಕೊಂಡಿಪದಗಳು ಕಡಿಮೆಯಾದರಷ್ಟೇ ಅಲ್ಲ, ಜಾಸ್ತಿಯಾದರೂ ಅಲ್ಲಿ ಕೊರತೆ ಎಂದೇ ಲೆಕ್ಕ.

ಹಾಗಾಗಿ ಈ ಕಸರತ್ತು ಮಾಡಿ ನೋಡಿ. ನೀವು ಬರೆದ ಒಂದು ಪ್ಯಾರಾದಲ್ಲಿರುವ ಕೊಂಡಿಪದಗಳನ್ನೆಲ್ಲ ಪೆನ್ಸಿಲ್‌ನಿಂದ ಹೊಡೆದುಹಾಕಿ. ಈಗ ಜೋರಾಗಿ ಓದಿ. ಎಲ್ಲಿ ಒಂದು ವಾಕ್ಯದಿಂದ ಇನ್ನೊಂದಕ್ಕೆ ದಾಟುವಾಗ ಕಾಲು ತಡವರಿಸುತ್ತದೋ ಅಲ್ಲಿ ಮಾತ್ರ ಒಂದನ್ನು ವಾಪಸ್ ಇಡಿ. ನಾನು ಮೊದಲ ಸಲ ಮಾಡಿದಾಗ ಹನ್ನೊಂದು ಕಿತ್ತೆ, ಮೂರು ವಾಪಸ್ ಬಂದವು. ಆ ಮೂರರಲ್ಲಿ ಒಂದು ‘ಹೌಎವರ್’. ಅದರ ಮುಂದಿನ ಕಾಮಾ ಮಾತ್ರ ಆಗಲೂ ಮರೆತಿದ್ದೆ.