ಹಕ್ಕಲು ಕಾಫಿ

ಮೂಡಿಗೆರೆ ಕಡೆಯ ನಮ್ಮ ನಾಲ್ಕು ಎಕರೆ ರೋಬಸ್ಟಾ ತೋಟದಲ್ಲಿ ಕೊಯ್ಲಿನ ಸಂಜೆ ಗೇಟಿನ ಬಳಿ ನಿಂತು ಹೆಂಗಸರ ಚೀಲ ನೋಡುತ್ತಿದ್ದವಳು ನಾನೇ. ಗಿಡದ ಬುಡದಲ್ಲಿ ಉದುರಿದ ಹಣ್ಣನ್ನು ಯಾರಾದರೂ ಮಡಿಲಲ್ಲಿ ಕಟ್ಟಿಕೊಂಡು ಹೋದಾರೆಂಬ ಭಯ. ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ. ತಪ್ಪೆಂದು ಅನಿಸಿಯೇ ಇರಲಿಲ್ಲ.

ಒಂದು ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಬೈಬಲಿನ ರೂತಳ ಗ್ರಂಥದ ಎರಡನೆಯ ಅಧ್ಯಾಯ ಓದುವ ಸರದಿ ನನಗೆ ಬಂತು. ಪರದೇಶವಾದ ಮೋವಾಬಿನಿಂದ ಬಂದ ವಿಧವೆ ರೂತಳು ಬೆತ್ಲೆಹೇಮಿನ ಜವೆಗೋಧಿ ಹೊಲದಲ್ಲಿ ಕೊಯ್ಲುಗಾರರ ಹಿಂದೆ ಹಕ್ಕಲಾಯುತ್ತಾಳೆ, ಅಂದರೆ ಕೊಯ್ಲಿನಲ್ಲಿ ಉದುರಿ ಉಳಿದ ತೆನೆಗಳನ್ನು ಹೆಕ್ಕುತ್ತಾಳೆ. ಅವಳನ್ನು ಗದರಿಸಬೇಡಿ ಎನ್ನುತ್ತಾನೆ ಹೊಲದ ಒಡೆಯ ಬೋವಜ. ಅಷ್ಟು ಸಾಲದೆಂದು, ಕೊಯ್ದ ಸಿವುಡಿನ ಕಟ್ಟಿನಿಂದ ಒಂದಿಷ್ಟು ತೆನೆಗಳನ್ನು ಬೇಕೆಂದೇ ಎಳೆದು ಬಿಡಿ ಎಂದು ಆಳುಗಳಿಗೆ ಹೇಳುತ್ತಾನೆ. ಓದುತ್ತಿದ್ದಂತೆ ನನ್ನ ದನಿ ತಡವರಿಸಿತು. ಕುಳಿತಲ್ಲಿಂದ ಗೇಟು ಕಾಣುತ್ತಿತ್ತು.

ಅದು ಬೋವಜನೊಬ್ಬನ ದೊಡ್ಡ ಮನಸ್ಸೂ ಅಲ್ಲ. ಹೊಲದ ಅಂಚಿನವರೆಗೂ ಕೊಯ್ಯಬಾರದು, ಉದುರಿದ್ದನ್ನು ಒಡೆಯ ಆಯಬಾರದು, ಅದು ಬಡವರಿಗೂ ಪರದೇಶಿಗೂ ಸೇರಿದ್ದು ಎಂಬುದು ಬೈಬಲಿನದೇ ಇನ್ನೊಂದು ಗ್ರಂಥ ಯಾಜಕಕಾಂಡದ 19ನೆಯ ಅಧ್ಯಾಯದ ಕಟ್ಟಳೆ. ಕೂಲಿಯವರು ಇರುವ ನಮ್ಮ ಲೈನ್ ಮನೆಗಳಲ್ಲಿ ಅಸ್ಸಾಮಿನ ಮೂರು ಸಂಸಾರಗಳಿದ್ದವು. ಪರದೇಶಿ ಎಂದು ಓದಿದಾಗ ಅವರ ಮುಖವೇ ಕಣ್ಣ ಮುಂದೆ ಬಂತು.

ಆದರೆ ಕಾಫಿ ಜವೆಗೋಧಿಯಲ್ಲ. ಹಣ್ಣನ್ನು ಗಿಡದಲ್ಲೋ ನೆಲದಲ್ಲೋ ಬಿಟ್ಟರೆ ಕಾಯಿಕೊರಕ ಅದರೊಳಗೇ ಉಳಿದು ಮುಂದಿನ ಫಸಲಿಗೆ ಹತ್ತುತ್ತದೆ. ನಮ್ಮ ದೇಶದಲ್ಲಿ ಈ ಕೀಟ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದಾಚೆಗೆ ಅದರ ಹೆದರಿಕೆಯಿಲ್ಲದ ಬೆಳೆಗಾರನಿಲ್ಲ. ಹಾಗಾಗಿ ಅಂಚು ಬಿಡುವಂತಿಲ್ಲ, ಉದುರಿದ್ದನ್ನು ಕೊನೆಯ ಹಣ್ಣಿನವರೆಗೂ ಹೆಕ್ಕಲೇಬೇಕು. ಹೆಕ್ಕಿದ್ದು ಹೆಕ್ಕಿದವರದೇ ಎಂದು ತೀರ್ಮಾನಿಸಿದೆ. ಕೊರಕ ಹೊಕ್ಕ ಹಣ್ಣನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ನಮ್ಮ ಕಣದಲ್ಲೇ ಒಣಗಿಸಿ, ನನ್ನ ಚೆರಿಗೆ, ಅಂದರೆ ಒಣಗಿಸಿದ ಹಣ್ಣಿಗೆ, ಸಿಕ್ಕ ದರವನ್ನೇ ಅವರಿಗೂ ಕೊಟ್ಟೆ. ಕೂಲಿ ಕೊಟ್ಟು ಹೆಕ್ಕಿಸುತ್ತಿದ್ದಾಗ ತರಗೆಲೆಯಡಿ ಎಷ್ಟೋ ಉಳಿದುಬಿಡುತ್ತಿತ್ತು. ಆ ವರ್ಷ ನೆಲ ಗುಡಿಸಿದಂತಿತ್ತು.

"ಬೇಕೆಂದೇ ಉದುರಿಸುತ್ತಾರೆ, ನೋಡುತ್ತಿರಿ" ಎಂದರು ಪಕ್ಕದ ತೋಟದವರು. ಕೆಲವರು ಉದುರಿಸಿರಲೂಬಹುದು. ಬೋವಜ ಆಳುಗಳಿಗೆ ಹೇಳಿದ್ದು ಅದನ್ನೇ ಅಲ್ಲವೇ?

ನಿಜವಾಗಿ ಕಷ್ಟವಾದದ್ದು ಬೇರೆ. ಊರಿನ ಹೆಂಗಸರು ಬೆಳಗ್ಗೆಯೇ ಬಂದು ತೋಟದ ಒಳ್ಳೆಯ ಪಟ್ಟಿಗಳನ್ನು ಹಿಡಿದುಬಿಡುತ್ತಿದ್ದರು. ಕನ್ನಡ ಬಾರದ ಅಸ್ಸಾಮಿನವರು ಅಂಚಿನಲ್ಲಿ ನಿಲ್ಲುತ್ತಿದ್ದರು. "ನಾವು ಇಲ್ಲೇ ಹುಟ್ಟಿದವರು ಅಮ್ಮಾ, ಅವರು ನಾಳೆ ಹೋಗುವವರು" ಎಂದು ಹಿರಿಯಳೊಬ್ಬಳು ಜಗಳಕ್ಕೇ ನಿಂತಳು. ಭೂಮಿ ನನ್ನದು, ನೀವೆಲ್ಲರೂ ಇಲ್ಲಿ ಇಳಿದುಕೊಂಡಿರುವ ಪರದೇಶಿಗಳು ಎಂದು ದೇವರು ಅದೇ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಅವಳು ಕ್ರೈಸ್ತಳಲ್ಲ, ಅವಳಿಗೆ ವಾಕ್ಯ ಓದಿ ಹೇಳಲು ನನಗೆ ಮನಸ್ಸಾಗಲಿಲ್ಲ. ಆ ಮಾತು ಮೊದಲು ತಾಗಬೇಕಾದದ್ದು ಪಹಣಿಯಲ್ಲಿ ಹೆಸರಿರುವ ನನಗೇ. ಶನಿವಾರ ಬಟವಾಡೆಯಾದ ಮೇಲೆ ಎಲ್ಲರೂ ಒಟ್ಟಿಗೆ ಇಳಿಯುವುದು, ಪಟ್ಟಿಗಳನ್ನು ಚೀಟಿ ಎತ್ತಿ ಹಂಚುವುದು ಎಂದು ಮಾಡಿದೆವು. ಮುನಿಸು ಮೂರು ವಾರ ಇತ್ತು.

ಎರಡನೆಯ ವರ್ಷ ಕಳೆನಾಶಕ ನಿಲ್ಲಿಸಿದೆ. ಹೆಂಗಸರು ಬರಿಗೈಯಲ್ಲಿ ತರಗೆಲೆ ಕೆದಕುತ್ತಿದ್ದರು, ಹಿಂದೆ ಮಕ್ಕಳು. ಹೋಗುವಾಗ ಒಂದೆಲಗ, ಕೆಸುವಿನ ಸೊಪ್ಪು ಕಿತ್ತುಕೊಂಡು ಹೋಗುತ್ತಿದ್ದರು. ಆ ನೆಲಕ್ಕೆ ವಿಷ ಹೊಡೆಯಲು ಕೈ ಬರಲಿಲ್ಲ. ಈಗ ವರ್ಷಕ್ಕೆ ಎರಡು ಸಲ ಕತ್ತಿಯಲ್ಲಿ ಕಳೆ ಹೊಡೆಸುತ್ತೇನೆ; ಖರ್ಚು ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ನೆರಳಿನ ಅತ್ತಿ, ಬಸರಿ ಕಡಿಸಿ ಸಿಲ್ವರ್ ಓಕ್ ಹಾಕುವ ಯೋಚನೆಯನ್ನೂ ಕೈಬಿಟ್ಟೆ. ಅವುಗಳ ಹಣ್ಣಿಗೆ ಕುಟುರ, ಮಂಗಟ್ಟೆ ಹಕ್ಕಿಗಳು ಬರುತ್ತವೆ, ಅವಕ್ಕೂ ಪಾಲಿದೆ.

ಚೀಲ ನೋಡುತ್ತಿದ್ದ ಗೇಟಿನ ಬಳಿ ಈಗ ತಕ್ಕಡಿ ಇದೆ. ತೂಕವನ್ನು ಅವರೇ ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಸ್ಸಾಮಿನವಳ ಪುಸ್ತಕದಲ್ಲಿ ಅಂಕಿಗಳನ್ನು ಬರೆದುಕೊಡುವವಳು, ಅಂದು ಜಗಳಕ್ಕೆ ನಿಂತಿದ್ದವಳ ಮೊಮ್ಮಗಳು.